ಗಣಕಯಂತ್ರದ ಕಾಂಕಿ ಕಿಟಕಿಯಲ್ಲಿ ಆದೇಶದ ಫಲಿತಾಂಶ ಕಾಣದಿದ್ದಲ್ಲಿ – ಅರ್ಜಿದಾರರ ಮಾಹಿತಿಗಾಗಿ

ಅಂತರ್ಜಾಲದ ಮೂಲಕ ಸೇವೆಗಳಿಗೆ ಅರ್ಜಿ ಸಲ್ಲಿಸುವ ನಾಗರಿಕರಲ್ಲಿ ಕೆಲವರು ಲಿನಕ್ಸ್ ಕಾರ್ಯಾಚರಣಾ ವ್ಯವಸ್ಥೆಯುಳ್ಳ ಗಣಕಯಂತ್ರಗಳನ್ನು ಬಳಸುತ್ತಾರೆ. ವಿಂಡೋಸ್ 10ಕ್ಕೆ ನೀಡಲಾಗುತ್ತಿದ್ದ ಸಾಮಾನ್ಯ ಬೆಂಬಲವು 2025ರ ಅಕ್ಟೋಬರ್ 14ರಂದು ಮುಕ್ತಾಯಗೊಂಡ ತರುವಾಯ, ಹೊಸ ಆವೃತ್ತಿಗೆ ಹೊಂದಿಕೊಳ್ಳದ ಹಳೆಯ ಯಂತ್ರಗಳಿಗೆ ಲಿನಕ್ಸ್ ಅಳವಡಿಸಿಕೊಂಡವರೂ ಇದ್ದಾರೆ. ಇಂತಹ ಯಂತ್ರಗಳ ಪರದೆಯ ಒಂದು ಮೂಲೆಯಲ್ಲಿ ಸ್ಮರಣೆ, ಡಿಸ್ಕಿನ ಖಾಲಿ ಜಾಗ, ತಾಪಮಾನ, ಅಂತರ್ಜಾಲ ಸಂಪರ್ಕ ಮೊದಲಾದ ವಿವರಗಳನ್ನು ಸಾಲುಸಾಲಾಗಿ ತೋರಿಸುವ ಕಿಟಕಿಯೊಂದನ್ನು ಇರಿಸಿಕೊಳ್ಳುವುದು ಸಾಮಾನ್ಯ. ಈ ಕೆಲಸಕ್ಕೆ ಬಹಳಷ್ಟು ಜನ ಬಳಸುವ ತಂತ್ರಾಂಶ ಕಾಂಕಿ. ಇದು 2005ರಿಂದ ಬಳಕೆಯಲ್ಲಿರುವ, ಉಚಿತವಾಗಿ ದೊರೆಯುವ ತಂತ್ರಾಂಶವಾಗಿರುತ್ತದೆ.

ಈ ಕಿಟಕಿಯ ಕೆಲವು ಸಾಲುಗಳು ಒಮ್ಮೊಮ್ಮೆ ಖಾಲಿಯಾಗಿ ಕಾಣುತ್ತವೆ. ಯಾವುದೇ ದೋಷದ ಸಂದೇಶವೂ ಬರುವುದಿಲ್ಲ. ಅರ್ಜಿಯ ನಡುವೆ ಹೀಗಾದಲ್ಲಿ ಅರ್ಜಿದಾರರು ಗಾಬರಿಗೊಳ್ಳುವುದು ಸಹಜ. ಖಾಲಿ ಸಾಲಿಗೆ ಕಾರಣಗಳೇನು, ಅದನ್ನು ಸರಿಪಡಿಸಿಕೊಳ್ಳುವ ಬಗೆ ಹೇಗೆ ಎಂಬುದನ್ನು ಈ ಪುಟದಲ್ಲಿ ವಿವರಿಸಲಾಗಿದೆ. ಇಲ್ಲಿ ‘ಆದೇಶ’ ಎಂದರೆ ಸರ್ಕಾರಿ ಆದೇಶವಲ್ಲ. ಟರ್ಮಿನಲ್‌ನಲ್ಲಿ ಟೈಪ್ ಮಾಡಿ ಗಣಕಯಂತ್ರಕ್ಕೆ ನೀಡುವ ಸೂಚನೆ ಎಂದು ಓದಿಕೊಳ್ಳತಕ್ಕದ್ದು. ಆದೇಶಗಳ ಹೆಸರನ್ನು ಇಲ್ಲಿ ಕನ್ನಡ ಲಿಪಿಯಲ್ಲಿ ಬರೆದಿದ್ದರೂ ಯಂತ್ರದಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿಯೇ ಟೈಪ್ ಮಾಡಬೇಕಾಗಿರುತ್ತದೆ.

ಮೊದಲು ಅರ್ಜಿಯ ವಿಚಾರ

ಶುಲ್ಕ ಪಾವತಿಯ ಹಂತದಲ್ಲಿ ಕಾಂಕಿ ಕಿಟಕಿಯ ಸಂಪರ್ಕದ ಸಾಲು ಖಾಲಿಯಾಗಿ ಕಂಡ ಮಾತ್ರಕ್ಕೆ ಅಂತರ್ಜಾಲ ಸಂಪರ್ಕ ಕಡಿದುಹೋಗಿದೆ ಎಂದು ತೀರ್ಮಾನಿಸಬಾರದು. ಹಾಗೆ ತಿಳಿದು ಬ್ರೌಸರ್ ಮುಚ್ಚಿ, ಮತ್ತೆ ತೆರೆದು, ಎರಡನೆಯ ಬಾರಿ ಶುಲ್ಕ ಪಾವತಿಸಿದಲ್ಲಿ ಹಣ ಎರಡು ಬಾರಿ ಕಡಿತವಾಗುವ ಸಂಭವವಿರುತ್ತದೆ. ನಂತರ ಅದನ್ನು ಹಿಂಪಡೆಯುವುದು ಮೊದಲಿನ ಅರ್ಜಿಗಿಂತ ಹೆಚ್ಚಿನ ಓಡಾಟದ ಕೆಲಸ. ಪಾವತಿ ಪುಟವನ್ನು ಹಾಗೆಯೇ ಬಿಟ್ಟು, ಬ್ರೌಸರ್‌ನ ಇನ್ನೊಂದು ಟ್ಯಾಬ್‌ನಲ್ಲಿ ಬೇರೆ ಯಾವುದಾದರೂ ತಾಣ ತೆರೆಯುತ್ತದೆಯೇ ಎಂದು ನೋಡುವುದು ಸೂಕ್ತ. ಪಾವತಿ ಆಗಿದೆಯೇ ಇಲ್ಲವೇ ಎಂಬುದಕ್ಕೆ ಬ್ಯಾಂಕ್ ಖಾತೆಯ ವಿವರ ಮತ್ತು ಅರ್ಜಿಯ ಸ್ವೀಕೃತಿಯೇ ಆಧಾರವೇ ಹೊರತು ಪರದೆಯ ಮೂಲೆಯ ಕಿಟಕಿಯಲ್ಲ.

ಇದರ ವಿರುದ್ಧ ಸಂಗತಿಯೂ ಉಂಟು. ಸಂಪರ್ಕ ನಿಜವಾಗಿಯೂ ಕಡಿದಿದ್ದರೂ ಕಿಟಕಿಯಲ್ಲಿ ಹಳೆಯ ವಿವರ ನಿಂತಿರಬಹುದು. ಪ್ರತಿ ಗಂಟೆಗೊಮ್ಮೆ ಮಾತ್ರ ಹೊಸದಾಗಿ ಕೇಳುವಂತೆ ಹೊಂದಿಸಿದ ಸಾಲು ನಡುವಿನ 59 ನಿಮಿಷ ಹಿಂದಿನ ಉತ್ತರವನ್ನೇ ತೋರಿಸುತ್ತಿರುತ್ತದೆ. ಆದುದರಿಂದ ತುಂಬಿರುವ ಸಾಲನ್ನು ಸಹ ಪೂರ್ತಿಯಾಗಿ ನಂಬುವಂತಿಲ್ಲ.

ಫಲಿತಾಂಶವು ಕಿಟಕಿಗೆ ಬರುವ ಬಗೆ

ಸ್ಮರಣೆಯ ಬಳಕೆಯಂತಹ ಕೆಲವು ವಿವರಗಳನ್ನು ಕಾಂಕಿ ತಾನೇ ಓದಿಕೊಳ್ಳುತ್ತದೆ. ಇವು ಖಾಲಿಯಾಗುವುದು ವಿರಳ. ಉಳಿದವುಗಳಿಗಾಗಿ ಅದರ ಸೆಟ್ಟಿಂಗ್ ಕಡತದಲ್ಲಿ ‘ಎಕ್ಸೆಕ್’ ಅಥವಾ ‘ಎಕ್ಸೆಕ್‌ಐ’ ಎಂಬ ಪದದ ಮುಂದೆ ಒಂದು ಆದೇಶವನ್ನು ಬರೆಯಲಾಗಿರುತ್ತದೆ. ಎಕ್ಸೆಕ್ ಎಂದಿದ್ದಲ್ಲಿ ಕಿಟಕಿ ಹೊಸದಾಗಿ ಬರೆಯಲ್ಪಟ್ಟ ಪ್ರತಿ ಸಲವೂ ಆದೇಶ ನಡೆಯುತ್ತದೆ. ಎಕ್ಸೆಕ್‌ಐ ಎಂದಿದ್ದಲ್ಲಿ ಅದರ ಮುಂದಿನ ಸಂಖ್ಯೆಯಷ್ಟು ಸೆಕೆಂಡುಗಳಿಗೊಮ್ಮೆ ನಡೆಯುತ್ತದೆ. ಕಾಂಕಿ ಆ ಆದೇಶವನ್ನು ವ್ಯವಸ್ಥೆಗೆ ಒಪ್ಪಿಸಿ, ಅದು ಹೊರಹಾಕುವ ಪಠ್ಯವನ್ನು ಪಡೆದು ಕಿಟಕಿಯಲ್ಲಿ ಬರೆಯುತ್ತದೆ.

ತೊಂದರೆಯ ಮೂಲ ಇಲ್ಲಿಯೇ ಇದೆ. ಲಿನಕ್ಸ್‌ನಲ್ಲಿ ಆದೇಶವೊಂದಕ್ಕೆ ಮಾತನಾಡಲು ಎರಡು ದಾರಿಗಳಿರುತ್ತವೆ: ಒಂದು ಉತ್ತರಕ್ಕೆ, ಇನ್ನೊಂದು ದೋಷದ ಸಂದೇಶಕ್ಕೆ. ಕಾಂಕಿ ಮೊದಲನೆಯ ದಾರಿಯನ್ನು ಮಾತ್ರ ಓದುತ್ತದೆ. ಆದೇಶವು ‘ಕಡತ ಸಿಗಲಿಲ್ಲ’ ಎಂದೋ ‘ಅನುಮತಿ ಇಲ್ಲ’ ಎಂದೋ ಹೇಳಿದರೆ ಆ ಮಾತು ಎರಡನೆಯ ದಾರಿಯಲ್ಲಿ ಹೊರಟುಹೋಗುತ್ತದೆ, ಕಿಟಕಿಯಲ್ಲಿ ಏನೂ ಉಳಿಯುವುದಿಲ್ಲ. ಹೀಗಾಗಿ ಖಾಲಿ ಸಾಲು ಎಂದರೆ ಸೊನ್ನೆ ಎಂದಾಗಲೀ, ಯಂತ್ರ ಕೆಟ್ಟಿದೆ ಎಂದಾಗಲೀ ಅರ್ಥವಲ್ಲ. ಕಿಟಕಿಗೆ ಪಠ್ಯ ತಲುಪಿಲ್ಲ ಎಂದಷ್ಟೇ ಅರ್ಥ. ಅದು ಯಾವ ಹಂತದಲ್ಲಿ ಕಳೆದುಹೋಯಿತು ಎಂಬುದನ್ನು ಹುಡುಕಬೇಕಾಗಿರುತ್ತದೆ.

ಪರಿಶೀಲನೆಯ ಕ್ರಮ

ಯಾವುದೇ ಬದಲಾವಣೆಗೆ ಮುನ್ನ ಸೆಟ್ಟಿಂಗ್ ಕಡತದ ಒಂದು ಪ್ರತಿಯನ್ನು ಬೇರೆ ಹೆಸರಿನಲ್ಲಿ ಉಳಿಸಿಕೊಳ್ಳತಕ್ಕದ್ದು. ಬಳಿಕ ಖಾಲಿ ಸಾಲಿನ ಆದೇಶವನ್ನು ಮಾತ್ರ ನಕಲಿಸಿಕೊಂಡು ಟರ್ಮಿನಲ್‌ನಲ್ಲಿ ನಡೆಸಿ ನೋಡಬೇಕು. ಅಲ್ಲಿಯೂ ಉತ್ತರ ಬಾರದಿದ್ದಲ್ಲಿ ಕಾಂಕಿಯ ತಪ್ಪೇನೂ ಇಲ್ಲ, ಆದೇಶವನ್ನೇ ಸರಿಪಡಿಸಬೇಕು. ಟರ್ಮಿನಲ್‌ನಲ್ಲಿ ಉತ್ತರ ಬಂದು ಕಿಟಕಿಯಲ್ಲಿ ಮಾತ್ರ ಬಾರದಿದ್ದಲ್ಲಿ, ನಡೆಯುತ್ತಿರುವ ಕಾಂಕಿಯನ್ನು ನಿಲ್ಲಿಸಿ, ಟರ್ಮಿನಲ್‌ನಿಂದಲೇ ಮತ್ತೆ ಪ್ರಾರಂಭಿಸತಕ್ಕದ್ದು. ಆಗ ಇದುವರೆಗೆ ಕಾಣದಿದ್ದ ದೋಷದ ಸಂದೇಶಗಳು ಟರ್ಮಿನಲ್‌ನಲ್ಲಿ ಕಾಣಿಸಿಕೊಳ್ಳುತ್ತವೆ. ಆದೇಶದ ಕೊನೆಯಲ್ಲಿ 2>&1 ಎಂದು ಸೇರಿಸಿದರೆ ದೋಷದ ಮಾತೂ ಉತ್ತರದ ದಾರಿಗೇ ಬಂದು ಕಿಟಕಿಯಲ್ಲಿ ಮೂಡುತ್ತದೆ. ಬಹಳ ಸಂದರ್ಭಗಳಲ್ಲಿ ಈ ಒಂದು ಕ್ರಮದಿಂದಲೇ ಕಾರಣ ತಿಳಿದುಬರುತ್ತದೆ.

ಟರ್ಮಿನಲ್‌ನಲ್ಲಿ ನಡೆದ ಆದೇಶ ಕಾಂಕಿಯಲ್ಲಿ ಏಕೆ ನಡೆಯುವುದಿಲ್ಲ ಎಂಬ ಪ್ರಶ್ನೆ ಸಹಜವಾಗಿ ಏಳುತ್ತದೆ. ಟರ್ಮಿನಲ್ ತೆರೆದಾಗ ಬಳಕೆದಾರರ ಸ್ವಂತ ಹೊಂದಾಣಿಕೆಗಳು ಜಾರಿಗೆ ಬರುತ್ತವೆ: ಆದೇಶಗಳಿಗೆ ಇಟ್ಟುಕೊಂಡ ಅಡ್ಡಹೆಸರುಗಳು, ಆದೇಶಗಳನ್ನು ಹುಡುಕಬೇಕಾದ ಫೋಲ್ಡರ್‌ಗಳ ಪಟ್ಟಿ ಇತ್ಯಾದಿ. ಲಾಗಿನ್ ಆದೊಡನೆ ತಾನಾಗಿ ಪ್ರಾರಂಭವಾಗುವ ಕಾಂಕಿಗೆ ಇವು ತಿಳಿದಿರುವುದಿಲ್ಲ. ಅರ್ಜಿಯಲ್ಲಿ ಗ್ರಾಮದ ಹೆಸರಿನೊಂದಿಗೆ ಹೋಬಳಿ, ತಾಲ್ಲೂಕು, ಜಿಲ್ಲೆಯನ್ನೂ ಕೇಳುವಂತೆ, ಇಲ್ಲಿಯೂ ಆದೇಶದ ಹೆಸರಿನ ಹಿಂದೆ ಅದು ಇರುವ ಫೋಲ್ಡರ್‌ನ ಪೂರ್ಣ ವಿಳಾಸವನ್ನು ಬರೆಯಬೇಕು. ಪೂರ್ಣ ವಿಳಾಸವು ಟರ್ಮಿನಲ್‌ನಲ್ಲಿ ‘ವಿಚ್’ ಎಂದು ಟೈಪ್ ಮಾಡಿ ಆದೇಶದ ಹೆಸರನ್ನು ನೀಡಿದರೆ ದೊರೆಯುತ್ತದೆ.

ಇನ್ನೊಂದು ಸೂಕ್ಷ್ಮವಿದೆ. ಟರ್ಮಿನಲ್‌ನಲ್ಲಿ ಆದೇಶಗಳನ್ನು ಅರ್ಥೈಸುವ ತಂತ್ರಾಂಶ ಸಾಮಾನ್ಯವಾಗಿ ಬ್ಯಾಶ್. ಆದರೆ ಕಾಂಕಿ ಆದೇಶವನ್ನು ‘ಎಸ್‌ಎಚ್’ ಎಂಬುದಕ್ಕೆ ಒಪ್ಪಿಸುತ್ತದೆ. ಉಬುಂಟುವಿನಲ್ಲಿ 2006ರ 6.10 ಆವೃತ್ತಿಯಿಂದ, ಡೆಬಿಯನ್‌ನಲ್ಲಿ 2011ರ 6.0 ಆವೃತ್ತಿಯಿಂದ ಈ ಎಸ್‌ಎಚ್ ಎಂದರೆ ಡ್ಯಾಶ್ ಎಂಬ ಚಿಕ್ಕ ತಂತ್ರಾಂಶವಾಗಿದೆ. ಬ್ಯಾಶ್‌ಗೆ ಮಾತ್ರ ತಿಳಿಯುವ ಬರವಣಿಗೆ ಇದಕ್ಕೆ ತಿಳಿಯುವುದಿಲ್ಲ. ಟರ್ಮಿನಲ್‌ನಲ್ಲಿ ಮೊದಲು ಎಸ್‌ಎಚ್ ಎಂದು ಟೈಪ್ ಮಾಡಿ, ಆ ನಂತರ ಆದೇಶ ನಡೆಸಿ ನೋಡಿದರೆ ವ್ಯತ್ಯಾಸ ಗೊತ್ತಾಗುತ್ತದೆ.

ಉದ್ದನೆಯ ಆದೇಶಗಳನ್ನು ಸೆಟ್ಟಿಂಗ್ ಕಡತದೊಳಗೇ ತುರುಕುವುದು ಒಳ್ಳೆಯದಲ್ಲ. ಕಾಂಕಿ ತನ್ನ ಪಠ್ಯದಲ್ಲಿ # ಚಿಹ್ನೆಯನ್ನು ಟಿಪ್ಪಣಿಯ ಆರಂಭವೆಂದು ತಿಳಿದು ಮುಂದಿನದನ್ನು ಕೈಬಿಡುತ್ತದೆ. 2015ರ 1.10 ಆವೃತ್ತಿಯಿಂದ ಸೆಟ್ಟಿಂಗ್ ಕಡತದ ಬರವಣಿಗೆಯ ಕ್ರಮವೇ ಬದಲಾಗಿದ್ದು, ಪಠ್ಯವು ಜೋಡಿ ಚೌಕ ಆವರಣದ ನಡುವೆ ಇರುತ್ತದೆ, ಆದೇಶದಲ್ಲಿಯೂ ]] ಬಂದರೆ ಪಠ್ಯ ಅಲ್ಲಿಗೇ ಮುಗಿಯಿತೆಂದು ತಂತ್ರಾಂಶ ಭಾವಿಸುತ್ತದೆ. ಇದಕ್ಕೆ ಬದಲಾಗಿ ಆದೇಶವನ್ನು ಪ್ರತ್ಯೇಕ ಸ್ಕ್ರಿಪ್ಟ್ ಕಡತದಲ್ಲಿ ಬರೆದು, ಅದಕ್ಕೆ ‘ಸಿಎಚ್‌ಮಾಡ್’ ಆದೇಶದ ಮೂಲಕ ನಡೆಸುವ ಅನುಮತಿ ನೀಡಿ, ಕಾಂಕಿಯಲ್ಲಿ ಆ ಕಡತದ ಪೂರ್ಣ ವಿಳಾಸವನ್ನಷ್ಟೇ ನಮೂದಿಸುವುದು ಮೇಲು. ವಿಂಡೋಸ್ ಯಂತ್ರದಲ್ಲಿ ಬರೆದು ಪೆನ್‌ಡ್ರೈವ್‌ನಲ್ಲಿ ತಂದ ಸ್ಕ್ರಿಪ್ಟ್ ಆಗಿದ್ದಲ್ಲಿ ಪ್ರತಿ ಸಾಲಿನ ಕೊನೆಯಲ್ಲಿ ಕಣ್ಣಿಗೆ ಕಾಣದ ಒಂದು ಹೆಚ್ಚುವರಿ ಗುರುತು ಉಳಿದು, ಅನುಮತಿ ಎಲ್ಲವೂ ಸರಿಯಿದ್ದರೂ ಅದು ನಡೆಯದೇ ಇರಬಹುದು. ‘ಡಾಸ್‌ಟುಯುನಿಕ್ಸ್’ ಆದೇಶವು ಇದನ್ನು ತೆಗೆದುಹಾಕುತ್ತದೆ.

ಬೆಳಿಗ್ಗೆ ಖಾಲಿ, ಮಧ್ಯಾಹ್ನ ಸರಿ

ಯಂತ್ರವನ್ನು ಚಾಲೂ ಮಾಡಿದಾಗ ಖಾಲಿಯಿದ್ದು ಒಂದೆರಡು ಗಂಟೆಗಳ ನಂತರ ತಾನೇ ತುಂಬಿಕೊಳ್ಳುವ ಸಾಲುಗಳ ಬಗ್ಗೆ ವಿಶೇಷವಾಗಿ ಹೇಳಬೇಕಾಗಿದೆ. ಏಕೆಂದರೆ ಇದನ್ನು ‘ಸರ್ವರ್ ಸಮಸ್ಯೆ’ ಎಂದು ತಿಳಿದುಕೊಳ್ಳುವುದು ಸುಲಭ. ಲಾಗಿನ್ ಆದೊಡನೆ ಕಾಂಕಿ ಪ್ರಾರಂಭವಾಗುತ್ತದೆ, ವೈಫೈ ಸಂಪರ್ಕ ಏರ್ಪಡಲು ಮತ್ತಷ್ಟು ಸೆಕೆಂಡುಗಳು ಬೇಕಾಗುತ್ತವೆ. ಅಂತರ್ಜಾಲದಿಂದ ಮಾಹಿತಿ ತರುವ ಆದೇಶವು ಆ ಮೊದಲೇ ನಡೆದು, ಉತ್ತರ ಸಿಗದೆ ಮುಗಿದುಹೋಗುತ್ತದೆ. ಸಾಲನ್ನು ‘ಎಕ್ಸೆಕ್‌ಐ 3600’ ಎಂದು ಬರೆದಿದ್ದಲ್ಲಿ ಕಾಂಕಿ ಮತ್ತೆ ಕೇಳುವುದು ಒಂದು ಗಂಟೆಯ ನಂತರವೇ. ಅಲ್ಲಿಯವರೆಗೆ ಸಂಪರ್ಕ ಚೆನ್ನಾಗಿದ್ದರೂ ಸಾಲು ಖಾಲಿಯೇ ಇರುತ್ತದೆ. ಪ್ರಾರಂಭಿಕ ತಂತ್ರಾಂಶಗಳ ಪಟ್ಟಿಯಲ್ಲಿ ಕಾಂಕಿಯ ಮುಂದೆ ಅಡ್ಡಗೆರೆ, ಇಂಗ್ಲಿಷ್‌ನ ಸಣ್ಣ ‘ಪಿ’ ಅಕ್ಷರ, ಬಳಿಕ 20 ಅಥವಾ 30 ಎಂದು ಸೇರಿಸಿದರೆ ಅಷ್ಟು ಸೆಕೆಂಡು ತಡೆದು ಪ್ರಾರಂಭವಾಗುತ್ತದೆ. ಇಷ್ಟರಿಂದಲೇ ಸಾಮಾನ್ಯವಾಗಿ ತೊಂದರೆ ನಿವಾರಣೆಯಾಗುತ್ತದೆ.

ಖಾಲಿಯಾಗುವ ಬದಲು ಇಡೀ ಕಿಟಕಿಯೇ ಸ್ತಬ್ಧಗೊಂಡಿದ್ದಲ್ಲಿ, ಮುಗಿಯದ ಆದೇಶವೊಂದನ್ನು ಬರೆದಿರುವ ಸಂಭವ ಹೆಚ್ಚು. ‘ಪಿಂಗ್’ ಆದೇಶಕ್ಕೆ ಎಷ್ಟು ಬಾರಿ ಎಂದು ಹೇಳದಿದ್ದರೆ ಅದು ನಡೆಯುತ್ತಲೇ ಇರುತ್ತದೆ, ಕಾಂಕಿಯೂ ಕಾಯುತ್ತಲೇ ಇರುತ್ತದೆ. ಬಾರಿಯ ಸಂಖ್ಯೆಯನ್ನು ನಮೂದಿಸತಕ್ಕದ್ದು. ನಿಧಾನವಾಗಿ ಉತ್ತರಿಸುವ ಆದೇಶಗಳಿಗೆ ಎಕ್ಸೆಕ್‌ಐ ಬದಲು ‘ಟಿಎಕ್ಸೆಕ್‌ಐ’ ಬಳಸಿದರೆ ಉಳಿದ ಸಾಲುಗಳು ಅದಕ್ಕಾಗಿ ಕಾಯುವುದಿಲ್ಲ.

ಸಂಪರ್ಕ ಸಾಧನದ ಹೆಸರು

ಹಳೆಯ ಮಾದರಿ ಕಡತಗಳಲ್ಲಿ ಸಂಪರ್ಕ ಸಾಧನಗಳ ಹೆಸರು ‘ಇಟಿಎಚ್0’, ‘ಡಬ್ಲ್ಯುಲ್ಯಾನ್0’ ಎಂದಿರುತ್ತದೆ. 2013ರಿಂದ ಸಿಸ್ಟಂಡಿ ಬಳಸುವ ಅನೇಕ ಲಿನಕ್ಸ್ ವ್ಯವಸ್ಥೆಗಳಲ್ಲಿ ಈ ಹೆಸರುಗಳು ಬದಲಾಗಿ, ಸಾಧನವನ್ನು ಜೋಡಿಸಿರುವ ಸ್ಥಾನವನ್ನು ಸೂಚಿಸುವ ಉದ್ದ ಹೆಸರುಗಳು ಬಂದಿವೆ. ಇಲ್ಲದ ಸಾಧನದ ವಿವರ ಕೇಳಿದರೆ ಉತ್ತರ ಬರುವುದಾದರೂ ಎಲ್ಲಿಂದ? ಹಾಗೆಯೇ ‘ಐಎಫ್‌ಕಾನ್ಫಿಗ್’ ಆದೇಶವು ಹೊಸ ವ್ಯವಸ್ಥೆಗಳಲ್ಲಿ ಮೊದಲೇ ಅಳವಡಿಕೆಯಾಗಿ ಬಾರದೇ ಇರಬಹುದು. ಅದರ ಸ್ಥಾನದಲ್ಲಿ ‘ಐಪಿ’ ಆದೇಶವಿದೆ. ಸರಿಯಾದ ಹೆಸರನ್ನೂ ಅದೇ ಆದೇಶದಿಂದ ತಿಳಿದುಕೊಳ್ಳಬಹುದು.

ಪಾಸ್‌ವರ್ಡ್ ಕೇಳುವ ಆದೇಶಗಳು

ಡಿಸ್ಕಿನ ಆರೋಗ್ಯವನ್ನು ತಿಳಿಸುವ ‘ಸ್ಮಾರ್ಟ್‌ಸಿಟಿಎಲ್’ನಂತಹ ಆದೇಶಗಳಿಗೆ ಆಡಳಿತಗಾರರ ಅಧಿಕಾರ ಅಗತ್ಯ. ಟರ್ಮಿನಲ್‌ನಲ್ಲಿ ‘ಸುಡೊ’ ಮೂಲಕ ನಡೆಸಿದಾಗ ಪಾಸ್‌ವರ್ಡ್ ಕೇಳುತ್ತದೆ, ನೀಡಿದರೆ ನಡೆಯುತ್ತದೆ. ಕಾಂಕಿಯಲ್ಲಿ ಪಾಸ್‌ವರ್ಡ್ ನೀಡಲು ಸ್ಥಳವೇ ಇಲ್ಲದ ಕಾರಣ ಸಾಲು ಖಾಲಿಯಾಗುತ್ತದೆ. ಇದಕ್ಕೆ ಪರಿಹಾರವೆಂದು ಕೆಲವರು ಪಾಸ್‌ವರ್ಡನ್ನೇ ಸೆಟ್ಟಿಂಗ್ ಕಡತದಲ್ಲಿ ಬರೆದಿಡುತ್ತಾರೆ. ಯಾವ ಕಾರಣಕ್ಕೂ ಹಾಗೆ ಮಾಡಬಾರದು. ಆಧಾರ್ ಪ್ರತಿ, ಆದಾಯದ ದಾಖಲೆ, ಬ್ಯಾಂಕ್ ವಿವರಗಳನ್ನು ಇಟ್ಟುಕೊಂಡಿರುವ ಯಂತ್ರದಲ್ಲಿ ಪಾಸ್‌ವರ್ಡ್ ಬಯಲಾಗಿರುವುದು ಮನೆಯ ಬೀಗದ ಕೈಯನ್ನು ಬಾಗಿಲಿಗೇ ನೇತುಹಾಕಿದಂತೆ. ತಾಪಮಾನ ಮಾತ್ರ ಸಾಕೆನ್ನುವವರಿಗೆ ಬೇರೆ ದಾರಿ ಇದೆ: ಲಿನಕ್ಸ್ ಕರ್ನಲ್ 5.6ರಲ್ಲಿ (2020) ಸೇರಿರುವ ‘ಡ್ರೈವ್‌ಟೆಂಪ್’ ಭಾಗವನ್ನು ಒಮ್ಮೆ ಸಕ್ರಿಯಗೊಳಿಸಿದಲ್ಲಿ ಸಾಟಾ ಡಿಸ್ಕಿನ ತಾಪಮಾನವು ‘ಸೆನ್ಸರ್ಸ್’ ಆದೇಶದಿಂದ ಪಾಸ್‌ವರ್ಡ್ ಇಲ್ಲದೆಯೇ ದೊರೆಯುತ್ತದೆ.

ಬೇರೆಯವರು ಸಿದ್ಧಪಡಿಸಿದ ಅಂದವಾದ ಕಾಂಕಿ ಕಡತಗಳನ್ನು ಇಳಿಸಿಕೊಂಡು ಬಳಸುವವರೂ ಎಚ್ಚರ ವಹಿಸತಕ್ಕದ್ದು. ಅದರಲ್ಲಿರುವ ಪ್ರತಿಯೊಂದು ಎಕ್ಸೆಕ್ ಸಾಲೂ ಬಳಕೆದಾರರ ಹೆಸರಿನಲ್ಲಿಯೇ ನಡೆಯುವ ಆದೇಶವಾಗಿರುತ್ತದೆ. ಖಾಲಿ ಕಾಣುವ ಸಾಲೂ ಹಿಂದೆ ಏನನ್ನಾದರೂ ಮಾಡುತ್ತಿರಬಹುದು. ಅರ್ಥವಾಗದ ಸಾಲನ್ನು ತೆಗೆದುಹಾಕುವುದೇ ಕ್ಷೇಮ.

ಕನ್ನಡದಲ್ಲಿ ಬರುವ ಫಲಿತಾಂಶ

ಯಂತ್ರದ ಭಾಷೆಯನ್ನು ಕನ್ನಡಕ್ಕೆ ಬದಲಾಯಿಸಿಕೊಂಡವರಿಗೆ ಎರಡು ವಿಷಯಗಳು ಅನ್ವಯಿಸುತ್ತವೆ. ಅನುವಾದ ಲಭ್ಯವಿರುವ ಆದೇಶಗಳು ಕನ್ನಡದಲ್ಲಿ ಉತ್ತರಿಸತೊಡಗಿದಾಗ, ಅದರಲ್ಲಿ ಇಂಗ್ಲಿಷ್ ಪದವೊಂದನ್ನು ಹುಡುಕುವಂತೆ ಬರೆದ ಸಾಲಿಗೆ ಏನೂ ಸಿಗುವುದಿಲ್ಲ. ‘ಎಲ್‌ಸಿ_ಆಲ್’ ಎಂಬುದರ ಮೌಲ್ಯವನ್ನು ಇಂಗ್ಲಿಷ್‌ನ ದೊಡ್ಡ ‘ಸಿ’ ಎಂದು ಆ ಆದೇಶದ ಮೊದಲಿಗೇ ನಿಗದಿಪಡಿಸಿದರೆ, ಅದೊಂದು ಆದೇಶ ಮಾತ್ರ ಮೂಲ ಭಾಷೆಯಲ್ಲಿ ಉತ್ತರಿಸುತ್ತದೆ.

ಎರಡನೆಯದು ಅಳತೆಯ ಪ್ರಶ್ನೆ. ಕಾಂಕಿ ಒಂದು ಆದೇಶದ ಫಲಿತಾಂಶಕ್ಕೆ ಸಾಮಾನ್ಯವಾಗಿ 256 ಬೈಟ್‌ಗಳ ಜಾಗವನ್ನಷ್ಟೇ ಮೀಸಲಿಟ್ಟಿರುತ್ತದೆ, ಉಳಿದದ್ದು ಕತ್ತರಿಸಿಹೋಗುತ್ತದೆ. ಇಂಗ್ಲಿಷ್ ಅಕ್ಷರಕ್ಕೆ 1 ಬೈಟ್ ಸಾಕು, ಯುನಿಕೋಡ್ ಕನ್ನಡದಲ್ಲಿ ಮೂಲಾಕ್ಷರಕ್ಕೆ 3, ಅದರ ಸ್ವರಚಿಹ್ನೆಗೆ ಮತ್ತೆ 3 ಬೈಟ್ ಬೇಕು. ‘ಸ್ತ್ರೀ’ ಎಂಬ ಒಂದೇ ಅಕ್ಷರ ಸ, ತ, ರ, ನಡುವಿನ ಎರಡು ಹಲಂತ ಮತ್ತು ಸ್ವರಚಿಹ್ನೆಗಳು ಸೇರಿ 18 ಬೈಟ್‌ಗಳಿಗೆ ಕಡಿಮೆಯಿಲ್ಲ. ಹೀಗಾಗಿ ಇಂಗ್ಲಿಷ್‌ನಲ್ಲಿ ಪೂರ್ತಿ ಕಾಣುತ್ತಿದ್ದ ಫಲಿತಾಂಶ ಕನ್ನಡದಲ್ಲಿ ಅರ್ಧಕ್ಕೇ ನಿಲ್ಲಬಹುದು. ಸೆಟ್ಟಿಂಗ್ ಕಡತದಲ್ಲಿ ‘ಟೆಕ್ಸ್ಟ್_ಬಫರ್_ಸೈಜ್’ ಎಂಬುದನ್ನು 1024 ಅಥವಾ 2048ಕ್ಕೆ ಹೆಚ್ಚಿಸಿ, ಕನ್ನಡ ಅಕ್ಷರಗಳುಳ್ಳ ಫಾಂಟನ್ನು ನಮೂದಿಸತಕ್ಕದ್ದು. ಅಗತ್ಯಕ್ಕಿಂತ ಹೆಚ್ಚು ನೀಡಿದಲ್ಲಿ ಹಳೆಯ ಯಂತ್ರ ನಿಧಾನವಾಗುತ್ತದೆ.