ಗಿಟಾರಿಗೊಂದು ಮಾರ್ದನಿ

ವಿಜಯಪುರದ ಗೋಲಗುಮ್ಮಟದ ಒಳಸುತ್ತಿನಲ್ಲಿ ನಿಂತು ಒಮ್ಮೆ ಚಪ್ಪಾಳೆ ತಟ್ಟಿದವರಿಗೆ ಮಾರ್ದನಿಯ ಮೋಹವೆಂಥದೆಂಬುದನ್ನು ಬೇರೆ ಹೇಳಬೇಕಾಗಿಲ್ಲ. ಒಂದು ಸದ್ದು ಹಲವಾಗಿ ಮರಳುತ್ತದೆ. ಒಬ್ಬಂಟಿಗನಿಗೆ ಜೊತೆ ದೊರೆತಂತಾಗುತ್ತದೆ. ಆದರೆ ಗುಮ್ಮಟವನ್ನು ಹೊತ್ತುಕೊಂಡು ಊರೂರು ತಿರುಗುವುದು ಸಾಧ್ಯವೆ? ವಿದ್ಯುತ್ ಗಿಟಾರಿನ ವಾದಕರು ಈ ಅಸಾಧ್ಯವನ್ನು ಸಾಧಿಸಿದ್ದಾರೆ. ಕಾಲಿನಿಂದ ಒತ್ತುವ ಪುಟ್ಟ ಪೆಟ್ಟಿಗೆಯೊಂದರಲ್ಲಿ ಅವರ ಗುಮ್ಮಟ ಅಡಗಿದೆ. ಅದರ ಹೆಸರು ಡಿಲೇ ಪೆಡಲ್.

ಇಂದು ಅಂಗಡಿಗೆ ಹೋದರೆ ಇಂಥ ಪೆಟ್ಟಿಗೆಗಳು ಹತ್ತಾರು ಬಗೆ. ಹೆಚ್ಚು ಗುಂಡಿಗಳಿರುವುದರ ಮೇಲೆ ಮಗನ ಕಣ್ಣು. ಬೆಲೆಯ ಚೀಟಿಯ ಮೇಲೆ ತಂದೆಯ ಕಣ್ಣು. ಯಾವುದನ್ನು ಆರಿಸಬೇಕೆಂಬುದಕ್ಕೆ ಇವೆರಡೂ ಸರಿಯಾದ ಅಳತೆಗೋಲಲ್ಲ. ಈ ಪೆಟ್ಟಿಗೆ ಹುಟ್ಟಿ ಬೆಳೆದ ಬಗೆಯನ್ನು ತಿಳಿದರೆ ಆಯ್ಕೆಯ ದಾರಿ ತಾನಾಗಿ ತೆರೆಯುತ್ತದೆ.

1954ರಲ್ಲಿ ಅಮೆರಿಕದ ಮೆಂಫಿಸ್ ನಗರದ ಸನ್ ಸಂಸ್ಥೆಯಲ್ಲಿ ಎಲ್ವಿಸ್ ಪ್ರೀಸ್ಲಿಯ ಮೊದಲ ಹಾಡುಗಳು ಮುದ್ರಣಗೊಂಡುವು. ಸಂಸ್ಥೆಯ ಒಡೆಯರಾದ ಸ್ಯಾಮ್ ಫಿಲಿಪ್ಸರು ಎರಡು ಟೇಪು ಯಂತ್ರಗಳನ್ನು ಜೋಡಿಸಿ, ಧ್ವನಿಯ ಬೆನ್ನಿಗೇ ಅದರ ಮಾರ್ದನಿಯೂ ಕೇಳಿಬರುವಂತೆ ಮಾಡಿದ್ದರು. ಗ್ರಾಮಫೋನ್ ತಟ್ಟೆಯಲ್ಲಿ ಅದು ಬಲು ಸೊಗಸಾಗಿತ್ತು. ಆದರೆ ಸಭೆಯೆದುರು ನಿಂತ ಗಿಟಾರ್ ವಾದಕ ಸ್ಕಾಟಿ ಮೂರ್ ಏನು ಮಾಡಬೇಕು? ಜನ ತಟ್ಟೆಯಲ್ಲಿ ಕೇಳಿದ್ದೊಂದು, ಎದುರಿಗೆ ಕೇಳುವುದು ಮತ್ತೊಂದು! ಇಲಿನಾಯ್ ಪ್ರಾಂತದ ಕೈರೋ ಎಂಬ ಊರಿನಲ್ಲಿ ವಾದ್ಯಗಳ ಅಂಗಡಿ ನಡೆಸುತ್ತಿದ್ದ ರೇ ಬಟ್ಸ್ ಎಂಬವರು, ಒಳಗೇ ಟೇಪಿನ ಮಾರ್ದನಿಯಿದ್ದ ಎಕೋಸಾನಿಕ್ ಎಂಬ ಧ್ವನಿವರ್ಧಕವನ್ನು ಕಟ್ಟಿದ್ದರು. ಹೆಸರಾಂತ ವಾದಕ ಚೆಟ್ ಅಟ್ಕಿನ್ಸ್ ಅದನ್ನು ಬಳಸುತ್ತಿದ್ದರು. 1955ರಲ್ಲಿ ಮೂರ್ ತಾವೂ ಒಂದನ್ನು ಕೊಂಡರು. ತಟ್ಟೆಯ ಮಾರ್ದನಿ ಅವರೊಡನೆ ರಂಗಕ್ಕೆ ಬಂದಿತು.

ಅನಂತರ ಅಮೆರಿಕದ ಎಕೋಪ್ಲೆಕ್ಸ್, 1974ರಲ್ಲಿ ಜಪಾನಿನ ರೋಲೆಂಡ್ ಸ್ಪೇಸ್ ಎಕೋ ಮೊದಲಾದ ಟೇಪು ಯಂತ್ರಗಳು ಬಂದುವು. ಇಟಲಿಯ ಬಿನ್ಸನ್ ಎಕೋರೆಕ್‌ನಲ್ಲಿ ಟೇಪಿನ ಬದಲು ತಿರುಗುವ ಕಾಂತೀಯ ಉರುಳೆಯಿತ್ತು. ಟೇಪು ಸವೆಯುತ್ತಿತ್ತು, ಓಟ ತುಸು ಏರುಪೇರಾದರೆ ಮರುಸ್ವರ ನಡುಗುತ್ತಿತ್ತು, ಮರಳಿದಂತೆಲ್ಲ ಧ್ವನಿಯ ಮೊನಚು ಮಾಸುತ್ತಿತ್ತು. ಯಂತ್ರಕಾರರಿಗೆ ಇವು ದೋಷಗಳು. ರಸಿಕರ ಕಿವಿಗೆ ಇವೇ ಇಂಪು. ನಿಜವಾದ ಬೆಟ್ಟದ ಮಾರ್ದನಿಯೂ ಮಾಸುತ್ತಲೇ ಅಡಗುತ್ತದಷ್ಟೆ?

1969ರಲ್ಲಿ ಹಾಲೆಂಡಿನ ಫಿಲಿಪ್ಸ್ ಪ್ರಯೋಗಶಾಲೆಯ ಸ್ಯಾಂಗ್‌ಸ್ಟರ್ ಮತ್ತು ಟೀರ್ ಎಂಬವರು ಟೇಪಿಲ್ಲದೆ ಧ್ವನಿಯನ್ನು ತಡೆದಿಡುವ ಉಪಾಯವನ್ನು ಕಂಡುಹಿಡಿದರು. ಬೆಂಕಿ ಬಿದ್ದಲ್ಲಿ ಜನ ಸಾಲಾಗಿ ನಿಂತು ನೀರಿನ ಕೊಡವನ್ನು ಕೈಯಿಂದ ಕೈಗೆ ದಾಟಿಸುವಂತೆ, ಸಾಲಾಗಿ ಜೋಡಿಸಿದ ಪುಟ್ಟ ವಿದ್ಯುತ್ ಪಾತ್ರೆಗಳು ಧ್ವನಿಯನ್ನು ಒಂದರಿಂದೊಂದಕ್ಕೆ ಸಾಗಿಸುತ್ತವೆ. ಸಾಲಿನ ಕೊನೆ ಮುಟ್ಟಲು ಹಿಡಿಯುವ ಹೊತ್ತೇ ವಿಳಂಬ. ಇದೇ ಅನಲಾಗ್ ಡಿಲೇ. 1981ರಲ್ಲಿ ಬಂದ ಬಾಸ್ ಡಿಎಂ-2 ಈ ಜಾತಿಯದು. ಅದರ ವಿಳಂಬದ ಮೇರೆ 300 ಮಿಲಿಸೆಕೆಂಡು. ಶಬ್ದದ ವೇಗ ಸೆಕೆಂಡಿಗೆ ಸುಮಾರು 340 ಮೀಟರಾದ್ದರಿಂದ, 51 ಮೀಟರು ದೂರದ ಗೋಡೆಗೆ ತಗುಲಿ ಬಂದ ಮಾರ್ದನಿಗೆ ಇದು ಸಮ. 1983ರ ಬಾಸ್ ಡಿಡಿ-2 ಧ್ವನಿಯನ್ನು ಅಂಕಿಗಳಾಗಿ ಮಾರ್ಪಡಿಸಿ ಜ್ಞಾಪಕದಲ್ಲಿಟ್ಟುಕೊಳ್ಳುವ ಡಿಜಿಟಲ್ ಪೆಡಲ್. ಅದರ ಮೇರೆ 800 ಮಿಲಿಸೆಕೆಂಡು. ಮರುಸ್ವರವೂ ಹೆಚ್ಚು ಸ್ವಚ್ಛ.

ಹಾಗಾದರೆ ಯಾವುದು ಮೇಲು? ನುಡಿಸುವ ಸಂಗೀತವೇ ಅದನ್ನು ನಿರ್ಣಯಿಸಬೇಕು. ಸ್ಕಾಟಿ ಮೂರರಂತೆ ಬೆನ್ನಿಗೇ ಒಂದು ಮರುದನಿ ಬೇಕೆಂಬವರಿಗೆ, ನಿಧಾನವಾದ ರಾಗವನ್ನು ಎಳೆದು ನುಡಿಸುವವರಿಗೆ, ಅನಲಾಗ್ ಪೆಡಲೇ ಸಾಕು. ಅದರ ಮಾಸಿದ ಮರುಸ್ವರ ಹಿನ್ನೆಲೆಗೆ ಸರಿದು ಮೂಲಸ್ವರಕ್ಕೆ ಎಡೆಗೊಡುತ್ತದೆ. ಮಾರ್ದನಿಯನ್ನು ತಾಳದ ಅಂಗವಾಗಿಯೇ ಬಳಸುವವರಿಗೆ ಡಿಜಿಟಲ್ ಒಪ್ಪುತ್ತದೆ. ನಿಮಿಷಕ್ಕೆ 120 ಪೆಟ್ಟುಗಳ ಹಾಡಿನಲ್ಲಿ ಒಂದು ಪೆಟ್ಟಿಗೆ 500 ಮಿಲಿಸೆಕೆಂಡು. ಅದರ ಮುಕ್ಕಾಲು, ಎಂದರೆ 375, ಇಟ್ಟರೆ ಮರುಸ್ವರ ಪೆಟ್ಟುಗಳ ನಡುವೆ ಬಿದ್ದು ಒಬ್ಬನೇ ಇಬ್ಬರಂತೆ ನುಡಿಸಿದ ಹಾಗಾಗುತ್ತದೆ. ಯು-2 ತಂಡದ ಎಡ್ಜ್ ಈ ಶೈಲಿಗೆ ಹೆಸರಾದವರು. ಆದರೆ 1980ರ ಅವರ ಮೊದಲ ಸಂಪುಟದಲ್ಲಿ ಕೇಳಿಬರುವುದು ಮೆಮರಿ ಮ್ಯಾನ್ ಎಂಬ ಅನಲಾಗ್ ಪೆಟ್ಟಿಗೆ! ಉಪಕರಣಕ್ಕಿಂತ ಅದನ್ನು ಬಳಸಿದ ಲೆಕ್ಕಾಚಾರವೇ ದೊಡ್ಡದೆಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಕೊಳ್ಳುವವರು ತಮ್ಮ ಗಿಟಾರನ್ನೇ ಅಂಗಡಿಗೆ ಒಯ್ಯುವುದು ಯುಕ್ತ. ವಿಳಂಬದ ಹೊತ್ತು, ಮರುಸ್ವರಗಳ ಸಂಖ್ಯೆ, ಅವುಗಳ ಗಟ್ಟಿತನ — ಈ ಮೂರಕ್ಕೆ ಮೂರು ಗುಂಡಿಗಳಿದ್ದರೆ ಕಲಿಯುವವರಿಗೆ ಧಾರಾಳವಾಯಿತು. ತಾಳ ಬೇಕೆಂಬವರು ಕಾಲಿನಿಂದ ತಟ್ಟಿ ವೇಗ ಹೊಂದಿಸುವ ಅನುಕೂಲವಿದೆಯೇ ಎಂದು ನೋಡಬೇಕು. ಪೆಡಲನ್ನು ಆರಿಸಿದಾಗಲೂ ಗಿಟಾರಿನ ಸಹಜಧ್ವನಿ ಕೆಡದಿರಬೇಕು. ಡಿಜಿಟಲ್ ಪೆಡಲುಗಳು ಬ್ಯಾಟರಿಯನ್ನು ಬೇಗ ಬರಿದುಮಾಡುವುದರಿಂದ ತಕ್ಕ ವಿದ್ಯುತ್ ಅಡಾಪ್ಟರಿನ ಬೆಲೆಯನ್ನೂ ಲೆಕ್ಕಕ್ಕೆ ಸೇರಿಸಿಕೊಳ್ಳಬೇಕು.

ಕೊಂಡ ಮೇಲೆ ಇನ್ನೊಂದು ಎಚ್ಚರ. ತಪ್ಪು ಸ್ವರವನ್ನು ಮರೆಮಾಡಲೆಂದು ಗುಂಡಿಯನ್ನು ಹೆಚ್ಚು ತಿರುಗಿಸುವ ಚಪಲ ಹೊಸಬರಿಗೆ ಸಹಜ. ಆದರೆ ಮಾರ್ದನಿಗೆ ದಾಕ್ಷಿಣ್ಯವಿಲ್ಲ. ತಪ್ಪನ್ನೂ ಅದು ನಾಲ್ಕು ಬಾರಿ ಹೇಳುತ್ತದೆ. ದಿನವೂ ಮೊದಲು ಪೆಡಲಿಲ್ಲದೆ ಸಾಧನೆ ಮಾಡಿ, ಸ್ವರ ನಿಂತ ಮೇಲೆ ಅದನ್ನು ಒತ್ತಿದರೆ ಕೊಟ್ಟ ಹಣ ಸಾರ್ಥಕವಾದೀತು.