ಸದ್ದು ಹೆಚ್ಚಿತು, ಶಕ್ತಿಯೂ ಹೆಚ್ಚಿತೇ?

ಸುಳ್ಯದ ಮಗ್ಗುಲಲ್ಲಿರುವ ಅಜ್ಜಾವರದಿಂದ ಓದುಗರೊಬ್ಬರು ಕೇಳಿದ್ದಾರೆ: "ನನ್ನ ಪೆಟ್ರೋಲ್ ಕಾರಿನ ಏರ್ ಫಿಲ್ಟರ್ ಡಬ್ಬ ತೆಗೆಸಿ ಕೋನ್ ಫಿಲ್ಟರ್ ಹಾಕಿಸಿದೆ. ಆಕ್ಸಿಲರೇಟರ್ ಒತ್ತಿದರೆ ಈಗ ಒಳ್ಳೆ ಸೌಂಡ್ ಉಂಟು, ಪಿಕಪ್ ಸಹ ಜಾಸ್ತಿಯಾದ ಹಾಗೆ ಕಾಣ್ತದೆ. ಆದರೆ ಸಂಪಾಜೆ ಘಾಟಿಯಲ್ಲಿ ಗಾಡಿ ಮೊದಲಿನಷ್ಟು ಎಳೆಯುವುದಿಲ್ಲ ಅಂತ ಅನುಮಾನ. ಎರಡೂ ಒಟ್ಟಿಗೆ ಹೇಗೆ ಸಾಧ್ಯ?"

ಖಂಡಿತ ಸಾಧ್ಯ. ಅವರ ಕಿವಿಯೂ ಸುಳ್ಳು ಹೇಳುತ್ತಿಲ್ಲ, ಅನುಮಾನವೂ ಸುಳ್ಳಲ್ಲ.

ಒಂದು ಲೀಟರ್ ಪೆಟ್ರೋಲ್ ಸರಿಯಾಗಿ ಉರಿಯಲು ಸುಮಾರು 11 ಕಿಲೋ ಗಾಳಿ ಬೇಕು. ನಮ್ಮ ಕಡೆಯ ಬೆಚ್ಚನೆಯ ಹವೆಯಲ್ಲಿ ಅದು 9,000 ಲೀಟರಿಗೂ ಹೆಚ್ಚು. ಪೆಟ್ರೋಲನ್ನು ಹೆಚ್ಚು ಸಿಂಪಡಿಸುವುದು ದೊಡ್ಡ ಕೆಲಸವಲ್ಲ, ಇಂಜೆಕ್ಟರ್ ಅದನ್ನು ಸಲೀಸಾಗಿ ಮಾಡುತ್ತದೆ. ಕಷ್ಟವಿರುವುದು ಗಾಳಿ ತುಂಬಿಸುವುದರಲ್ಲಿ. 3,000 ಆರ್‌ಪಿಎಂನಲ್ಲಿ ಗಾಳಿ ಒಳಬಿಡುವ ವಾಲ್ವ್ ಪ್ರತಿ ಸಲ ತೆರೆದಿರುವುದು ಸೆಕೆಂಡಿನ ನೂರನೇ ಒಂದು ಭಾಗಕ್ಕಿಂತ ಸ್ವಲ್ಪ ಹೆಚ್ಚು ಹೊತ್ತು, ಅಷ್ಟೇ. ಅಷ್ಟರೊಳಗೆ ಸಿಲಿಂಡರಿನಲ್ಲಿ ಎಷ್ಟು ಆಮ್ಲಜನಕ ಸೇರಿತೋ ಅಷ್ಟೇ ಶಕ್ತಿ.

ಗಾಳಿ ಹೀಗೆ ತುಂಡು ತುಂಡಾಗಿ ಒಳಹೋಗುವುದರಿಂದಲೇ ಸದ್ದು ಹುಟ್ಟುತ್ತದೆ. ನಾಲ್ಕು ಸಿಲಿಂಡರಿನ ಎಂಜಿನ್ ಒಂದು ಸುತ್ತಿಗೆ ಎರಡು ಸಲ ಗಾಳಿ ಎಳೆಯುತ್ತದೆ. 3,000 ಆರ್‌ಪಿಎಂ ಎಂದರೆ ಸೆಕೆಂಡಿಗೆ 50 ಸುತ್ತು, ಅಂದರೆ 100 ಎಳೆತ. ಅದೇ 100 ಹರ್ಟ್ಸ್‌ನ ಗಡುಸು ಸ್ವರವಾಗಿ ಕಿವಿಗೆ ಬೀಳುತ್ತದೆ. ಕಾರಿನ ಸದ್ದೆಂದರೆ ಸೈಲೆನ್ಸರಿನ ಸದ್ದು ಎಂದೇ ಹೆಚ್ಚಿನವರು ತಿಳಿದಿದ್ದಾರೆ. ಆದರೆ ಎಂಜಿನ್‌ಗೆ ಮುಂದೆಯೂ ಒಂದು ಬಾಯಿ ಇದೆ, ಅದು ಡ್ರೈವರನಿಗೆ ಇನ್ನೂ ಹತ್ತಿರ. ಪೆಟ್ರೋಲ್ ಗಾಡಿಯಲ್ಲಿ ಆ ಬಾಯಿಗೆ ಥ್ರಾಟಲ್ ಎಂಬ ತಟ್ಟೆ ಅಡ್ಡ ಇರುತ್ತದೆ. ಕಾಲು ಒತ್ತಿದಷ್ಟೂ ತಟ್ಟೆ ತೆರೆಯುತ್ತದೆ, ಒಳಗಿನ ಸದ್ದು ಹೊರಗೆ ನುಗ್ಗುತ್ತದೆ. ಒತ್ತಿದ ಮರುಗಳಿಗೆಯೇ ಗರ್ಜನೆ ಕೇಳುವುದರಿಂದ ಗಾಡಿ ಚುರುಕಾಯಿತು ಎಂದು ಮನಸ್ಸು ತೀರ್ಮಾನಿಸಿಬಿಡುತ್ತದೆ.

ಇನ್ನು ಆ ಡಬ್ಬದ ವಿಷಯ. ಅದು ಫಿಲ್ಟರ್ ಇಡಲು ಮಾಡಿದ ಬರಿಯ ಪ್ಲಾಸ್ಟಿಕ್ ಪೆಟ್ಟಿಗೆಯಲ್ಲ. ಅದರ ಮರ್ಮ ತಿಳಿಯಲು ಒಂದು ಖಾಲಿ ಗಾಜಿನ ಬಾಟಲಿ ಸಾಕು. ಬಾಯಿಯ ಅಂಚಿಗೆ ತುಟಿ ತಾಗಿಸಿ ಅಡ್ಡಕ್ಕೆ ಊದಿ. ತಗ್ಗಿನ ಒಂದೇ ಒಂದು ಸ್ವರ ಹೊರಡುತ್ತದೆ. ತುಸು ಮೆಲ್ಲಗೆ ಊದಿದರೂ ತುಸು ಜೋರಾಗಿ ಊದಿದರೂ ಸ್ವರ ಬಹುಮಟ್ಟಿಗೆ ಅದೇ. ಬಾಟಲಿಯ ಕತ್ತಿನಲ್ಲಿರುವ ಗಾಳಿಗೆ ತೂಕವಿದೆ, ಹೊಟ್ಟೆಯಲ್ಲಿರುವ ಗಾಳಿಗೆ ಸ್ಪ್ರಿಂಗಿನ ಗುಣವಿದೆ. ಕತ್ತಿನ ಗಾಳಿ ಒಳಗೆ ಸರಿದರೆ ಹೊಟ್ಟೆಯ ಗಾಳಿ ಒತ್ತಿಕೊಂಡು ಅದನ್ನು ಹೊರಗೆ ತಳ್ಳುತ್ತದೆ, ಹೊರಗೆ ಹೋದರೆ ಒಳಗೆ ಎಳೆದುಕೊಳ್ಳುತ್ತದೆ. ಈ ಓಲಾಟಕ್ಕೆ ತನ್ನದೇ ಒಂದು ಲಯವಿದೆ. ಅರ್ಧ ನೀರು ತುಂಬಿಸಿ ಊದಿದರೆ ಸ್ಪ್ರಿಂಗ್ ಗಿಡ್ಡವಾಗಿ ಬಿಗಿಯಾಗುತ್ತದೆ, ಸ್ವರ ಏರುತ್ತದೆ. ಕತ್ತು ಉದ್ದವಿದ್ದರೆ ಇಳಿಯುತ್ತದೆ. 750 ಮಿಲಿಲೀಟರಿನ, ನೀಳ ಕತ್ತಿನ ಬಾಟಲಿಗೆ ಲೆಕ್ಕ ಹಾಕಿದರೆ ಸುಮಾರು 115 ಹರ್ಟ್ಸ್ ಬರುತ್ತದೆ. ನಾಲ್ಕು ಸಿಲಿಂಡರಿನ ಎಂಜಿನ್ 3,450 ಆರ್‌ಪಿಎಂನಲ್ಲಿ ಗಾಳಿ ಎಳೆಯುವುದೂ ಇದೇ ಸ್ವರದಲ್ಲಿ.

ಈ ಲೆಕ್ಕವನ್ನು ಕೊಟ್ಟವನು ಜರ್ಮನಿಯ ಹರ್ಮನ್ ಫಾನ್ ಹೆಲ್ಮ್‌ಹೋಲ್ಟ್ಸ್. 1821ರಲ್ಲಿ ಹುಟ್ಟಿದ ಈತ ವೃತ್ತಿ ಆರಂಭಿಸಿದ್ದು ಸೇನೆಯ ವೈದ್ಯನಾಗಿ. ಕಣ್ಣಿನ ಡಾಕ್ಟರು ಇಂದಿಗೂ ಕಣ್ಣೊಳಗೆ ಇಣುಕಲು ಬಳಸುವ ಆಫ್ತಾಲ್ಮೋಸ್ಕೋಪನ್ನು ಜಗತ್ತಿಗೆ ಪರಿಚಯಿಸಿದವನೂ ಇವನೇ, ಅದು 1851ರಲ್ಲಿ. ಆಮೇಲೆ ಕಿವಿಯ ಕಡೆ ತಿರುಗಿದ. ಬೇರೆ ಬೇರೆ ಗಾತ್ರದ ಟೊಳ್ಳು ಗೋಲಗಳನ್ನು ಮಾಡಿಸಿದ. ಒಂದು ಬದಿಗೆ ತೆರೆದ ಬಾಯಿ, ಇನ್ನೊಂದು ಬದಿಗೆ ಕಿವಿಯೊಳಗೆ ಹೊಂದುವ ಸಣ್ಣ ಮೂತಿ. ಮೂತಿಗೆ ಮೇಣ ಮೆತ್ತಿ ಕಿವಿಗೆ ಬಿಗಿಯಾಗಿ ಕೂರಿಸಿದರೆ, ಸುತ್ತಲಿನ ಗದ್ದಲದಲ್ಲಿ ಆ ಗೋಲಕ್ಕೆ ಒಪ್ಪುವ ಒಂದು ಸ್ವರ ಮಾತ್ರ ದೊಡ್ಡದಾಗಿ ಕೇಳುತ್ತದೆ. ಹೀಗೆ ಒಂದೊಂದೇ ಗೋಲ ಹಿಡಿದು ಮನುಷ್ಯನ ಸ್ವರಾಕ್ಷರಗಳಲ್ಲಿ ಯಾವ ಯಾವ ನಾದಗಳು ಸೇರಿವೆ ಎಂದು ಬಿಡಿಸಿದ. 1863ರಲ್ಲಿ ನಾದದ ಬಗ್ಗೆ ಅವನು ಬರೆದ ದೊಡ್ಡ ಪುಸ್ತಕ ಹೊರಬಂತು.

ಆ ಪುಸ್ತಕದ ಬಗ್ಗೆ ನನಗೆ ವಿಶೇಷ ಅಕ್ಕರೆ. ಕಾರಣ ಸರ್ ಸಿ.ವಿ. ರಾಮನ್. ತಮ್ಮನ್ನು ರೂಪಿಸಿದ ಮೂರು ಪುಸ್ತಕಗಳಲ್ಲಿ ಇದೂ ಒಂದು ಎಂದು ಅವರು ಹೇಳಿಕೊಂಡಿದ್ದರು. ಉಳಿದೆರಡು ಯೂಕ್ಲಿಡನ ರೇಖಾಗಣಿತ ಮತ್ತು ಎಡ್ವಿನ್ ಆರ್ನಾಲ್ಡ್ ಬುದ್ಧನ ಮೇಲೆ ಬರೆದ ಕಾವ್ಯ. 1933ರಲ್ಲಿ ಬೆಂಗಳೂರಿಗೆ ಬರುವ ಎಷ್ಟೋ ಮೊದಲೇ ರಾಮನ್ ಪಿಟೀಲಿನ ತಂತಿ, ಮೃದಂಗ ಮತ್ತು ತಬಲಾಗಳ ನಾದವನ್ನು ಕೂಲಂಕಷವಾಗಿ ಅಳೆದಿದ್ದರು. ಮೃದಂಗದ ಚರ್ಮದ ಮೇಲಿನ ಕಪ್ಪು ಕರಣೆ ಏಕೆ ಅಷ್ಟು ಶುದ್ಧ ಸ್ವರ ಕೊಡುತ್ತದೆ ಎಂದು ವಿವರಿಸಿದ ಅದೇ ಭೌತಶಾಸ್ತ್ರ ನಿಮ್ಮ ಬಾನೆಟ್ಟಿನ ಕೆಳಗೂ ಇದೆ.

ಬಾನೆಟ್ ಎತ್ತಿ ನೋಡಿ. ಫಿಲ್ಟರ್ ಡಬ್ಬಕ್ಕೆ ಹೋಗುವ ಕೊಳವೆಗೆ ಅನೇಕ ಕಾರುಗಳಲ್ಲಿ ಒಂದು ಕುರುಡು ಡಬ್ಬಿ ಅಂಟಿಕೊಂಡಿರುತ್ತದೆ. ಅದಕ್ಕೆ ದಾರಿ ಒಂದೇ. ಗಾಳಿ ಅದರ ಮೂಲಕ ಎಲ್ಲಿಗೂ ಹೋಗುವುದಿಲ್ಲ. ಕೆಲಸಕ್ಕೆ ಬಾರದ್ದು ಎಂದು ಕಿತ್ತೆಸೆಯುವವರಿದ್ದಾರೆ. ಅದು ಹೆಲ್ಮ್‌ಹೋಲ್ಟ್ಸನ ಗೋಲವೇ. ಕ್ಯಾಬಿನ್ನಿನಲ್ಲಿ ಕಿರಿಕಿರಿ ಮಾಡುವ ಒಂದು ಸ್ವರಕ್ಕೆ ಅದನ್ನು ಶ್ರುತಿ ಮಾಡಿರುತ್ತಾರೆ. ಆ ಸ್ವರದ ಅಲೆ ಬಂದಾಗ ಡಬ್ಬಿಯ ಕತ್ತಿನ ಗಾಳಿ ಎದುರಾಗಿ ಓಲಾಡಿ, ಅಲೆಯನ್ನು ಎಂಜಿನ್ ಕಡೆಗೇ ಹಿಂದಿರುಗಿಸುತ್ತದೆ. ಡಬ್ಬಿ ತೆಗೆದರೆ ಸದ್ದು ಹೆಚ್ಚುತ್ತದೆ. ಶಕ್ತಿ ಹುಟ್ಟಿತೆಂದಲ್ಲ, ತಡೆದಿದ್ದ ಸದ್ದು ಬಿಡುಗಡೆಯಾಯಿತು.

ಹಾಗಾದರೆ ಅಲೆಯಿಂದ ಶಕ್ತಿಗೆ ಲಾಭವೇ ಇಲ್ಲವೇ? ಇದೆ, ಆದರೆ ಅದು ಫಿಲ್ಟರಿನಲ್ಲಲ್ಲ, ಒಂದೊಂದು ಸಿಲಿಂಡರಿಗೂ ಹೋಗುವ ಬಿಡಿ ಕೊಳವೆಯ ಉದ್ದದಲ್ಲಿ. ವಾಲ್ವ್ ತೆರೆದು ಪಿಸ್ಟನ್ ಕೆಳಗಿಳಿದಾಗ ಒತ್ತಡ ಕುಸಿದ ಅಲೆಯೊಂದು ಕೊಳವೆಯಲ್ಲಿ ಮೇಲಕ್ಕೆ ಓಡುತ್ತದೆ. ತೆರೆದ ತುದಿ ಮುಟ್ಟಿದಾಗ ಒತ್ತಡ ಏರಿದ ಅಲೆಯಾಗಿ ತಿರುಗಿ ಬರುತ್ತದೆ. ವಾಲ್ವ್ ಮುಚ್ಚುವ ತುಸು ಮೊದಲು ಅದು ಬಂದು ತಲುಪಿದರೆ ಒಂದಿಷ್ಟು ಹೆಚ್ಚು ಗಾಳಿಯನ್ನು ಒಳಗೆ ನೂಕುತ್ತದೆ. 40 ಸೆಂಟಿಮೀಟರ್ ಕೊಳವೆಯಲ್ಲಿ ಹೋಗಿ ಬರಲು ಅಲೆಗೆ ಸೆಕೆಂಡಿನ ಸಾವಿರದಲ್ಲಿ ಎರಡೂವರೆ ಭಾಗವೂ ಬೇಡ. ಅಷ್ಟರಲ್ಲಿ ಕ್ರ್ಯಾಂಕ್ 6,000 ಆರ್‌ಪಿಎಂನಲ್ಲಿ ಸುಮಾರು 85 ಡಿಗ್ರಿ ತಿರುಗಿದರೆ 3,000ದಲ್ಲಿ ಅದರ ಅರ್ಧ. ಹಾಗಾಗಿ ನಿಧಾನದ ಎಳೆತಕ್ಕೆ ಉದ್ದ ಕೊಳವೆ, ವೇಗಕ್ಕೆ ಗಿಡ್ಡ ಕೊಳವೆ. 1960ರ ಕ್ರೈಸ್ಲರ್ 300ಎಫ್ ಕಾರಿನಲ್ಲಿ ಸುಮಾರು 30 ಇಂಚಿನ ಕೊಳವೆಗಳು ಎಂಜಿನ್ ಮೇಲೆ ಅಡ್ಡಡ್ಡ ಹಾಯ್ದಿದ್ದವು. ಹೆಚ್ಚು ವೇಗದ ಮಾದರಿಗೆ ಒಳಗೋಡೆಯನ್ನು ಅರ್ಧಕ್ಕೆ ಕತ್ತರಿಸಿದರು. ಹೊರನೋಟ ಅದೇ, ಅಲೆಗೆ ಮಾತ್ರ ದಾರಿ ಅರ್ಧವಾಯಿತು. 1991ರಲ್ಲಿ ಲೆ ಮಾನ್ಸ್ ರೇಸು ಗೆದ್ದ ಮಜ್ದಾ 787ಬಿ ಕಾರು ಓಡುತ್ತಲೇ ತನ್ನ ಕೊಳವೆಗಳ ಉದ್ದ ಬದಲಿಸಿಕೊಳ್ಳುತ್ತಿತ್ತು. ಅಂದವಾದ ಎಂಜಿನಿಯರಿಂಗ್ ಎಂದರೆ ಇದು!

ಸದ್ದು ಮಾರಾಟದ ಸರಕು ಎಂಬುದನ್ನು ಕಂಪನಿಗಳೂ ಬಲ್ಲವು. ಫೋರ್ಡ್ ಫೋಕಸ್ ಎಸ್‌ಟಿಯಲ್ಲಿ ಗಾಳಿಕೊಳವೆಯ ಸದ್ದನ್ನು ಕ್ಯಾಬಿನ್ನಿಗೆ ತರಲೆಂದೇ ಒಂದು ನಳಿಕೆ ಇತ್ತು. 2011ರ ಬಿಎಂಡಬ್ಲ್ಯು ಎಂ5 ಸ್ಪೀಕರಿನಲ್ಲೇ ಎಂಜಿನ್ ಸದ್ದು ನುಡಿಸುತ್ತಿತ್ತು. ಅದರಿಂದ ಒಂದು ಅಶ್ವಶಕ್ತಿಯೂ ಹೆಚ್ಚಲಿಲ್ಲ.

ಈಗ ಘಾಟಿಗೆ ಬರೋಣ. ಕಂಪನಿಯ ಡಬ್ಬ ಸಾಮಾನ್ಯವಾಗಿ ಗ್ರಿಲ್ಲಿನ ಹಿಂದಿನಿಂದ ಹೊರಗಿನ ತಣ್ಣನೆ ಗಾಳಿ ಎಳೆಯುತ್ತದೆ. ಬೋಳು ಕೋನ್ ಫಿಲ್ಟರ್ ಬಾನೆಟ್ ಒಳಗಿನ ಬಿಸಿ ಗಾಳಿ ಕುಡಿಯುತ್ತದೆ. ಅರಂತೋಡು ದಾಟಿ ಸಂಪಾಜೆ, ಕೊಯನಾಡು, ಜೋಡುಪಾಲ ಎಂದು ಲಾರಿಯ ಹಿಂದೆ ಎರಡನೇ ಗೇರಿನಲ್ಲಿ ಏರುವಾಗ ಬಾನೆಟ್ ಒಳಗೆ 60 ಡಿಗ್ರಿ ಸೆಲ್ಸಿಯಸ್ ಆಗುವುದು ದೊಡ್ಡ ವಿಷಯವಲ್ಲ. 30 ಡಿಗ್ರಿಯ ಗಾಳಿ 60ಕ್ಕೆ ಕಾದರೆ ಅದೇ ಒಂದು ಲೀಟರಿನಲ್ಲಿ ಆಮ್ಲಜನಕ ಶೇ 9ರಷ್ಟು ಕಡಿಮೆ. ಅದರ ಮೇಲೆ ಎತ್ತರ: 1,100 ಮೀಟರಿಗೂ ಮೇಲಿರುವ ಮಡಿಕೇರಿಯಲ್ಲಿ ಗಾಳಿಯ ಒತ್ತಡ ಕರಾವಳಿಗಿಂತ ಸುಮಾರು ಶೇ 12 ಕಡಿಮೆ. ಅಲ್ಲಿನ ಚಳಿ ಇದರಲ್ಲಿ ಒಂದು ಪಾಲನ್ನು ಮರಳಿ ಕೊಡುತ್ತದೆ, ಆದರೆ ಹೊರಗಿನ ಗಾಳಿ ಎಳೆಯುವ ಗಾಡಿಗೆ ಮಾತ್ರ. ಅಜ್ಜಾವರದ ಓದುಗರ ಅನುಮಾನಕ್ಕೆ ಕಾರಣ ಇದು.

"ಗಾಳಿಗೆ ಎದುರಾಗಿ ಬಾಯಿ ಇಟ್ಟರೆ ವೇಗಕ್ಕೆ ಗಾಳಿ ತಾನೇ ತುಂಬುತ್ತದೆ" ಎಂಬ ಜಾಹೀರಾತನ್ನೂ ಅಳೆದು ನೋಡಿ. ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ಎದುರುಗಾಳಿಯಿಂದ ಸಿಗುವ ಹೆಚ್ಚಿನ ಒತ್ತಡ ವಾತಾವರಣದ ಒತ್ತಡದ ಶೇ 0.3 ಮಾತ್ರ. ಘಾಟಿಯ 40ರ ವೇಗದಲ್ಲಿ ಅದರ ಕಾಲುಭಾಗ.

ಸುಳ್ಯ ತಾಲ್ಲೂಕಿಗೆ ಸದ್ದಿಗಿಂತ ಮುಖ್ಯವಾದದ್ದು ಧೂಳು. ಮಾರ್ಚ್–ಏಪ್ರಿಲ್‌ನಲ್ಲಿ ತೋಟದ ಮಣ್ಣುರಸ್ತೆಯಲ್ಲಿ ಮುಂದೆ ಹೋಗುವ ಪಿಕಪ್ ವಾಹನ ಎಬ್ಬಿಸುವ ಕೆಂಪು ಧೂಳಿನ ಸಣ್ಣ ಕಣಗಳು ಒಳಹೊಕ್ಕರೆ ಪಿಸ್ಟನ್ ರಿಂಗನ್ನೂ ಸಿಲಿಂಡರ್ ಗೋಡೆಯನ್ನೂ ತೇಯುತ್ತವೆ. ಹಳೆಯ ಜೀಪುಗಳ ಆಯಿಲ್ ಬಾತ್ ಫಿಲ್ಟರ್ ಇದಕ್ಕೆಂದೇ ಇತ್ತು: ಗಾಳಿ ಕೆಳಗಿಳಿದು ಎಣ್ಣೆಯ ಮೇಲೆ ಗಕ್ಕನೆ ತಿರುಗುವಾಗ ಭಾರದ ಕಣಗಳು ತಿರುಗಲಾರದೆ ಎಣ್ಣೆಯಲ್ಲಿ ಸಿಕ್ಕಿಬೀಳುತ್ತಿದ್ದವು. ತಟ್ಟೆ ಬಿಚ್ಚಿದರೆ ತಳದಲ್ಲಿ ಕೆಂಪು ಕೆಸರು. ಇಂದಿನ ಕಾಗದದ ಫಿಲ್ಟರ್ ಇನ್ನೂ ಸಣ್ಣ ಕಣ ಹಿಡಿಯುತ್ತದೆ. ಅದನ್ನು ಕಾಲಕಾಲಕ್ಕೆ ಬದಲಿಸಿದರೆ ಸಾಕು. ಅಮೆರಿಕದ ಓಕ್ ರಿಡ್ಜ್ ರಾಷ್ಟ್ರೀಯ ಪ್ರಯೋಗಾಲಯ 2009ರಲ್ಲಿ ಇಂಜೆಕ್ಷನ್ ಕಾರುಗಳಲ್ಲಿ ಕಟ್ಟಿಕೊಂಡ ಫಿಲ್ಟರನ್ನೂ ಹೊಸದನ್ನೂ ಹೋಲಿಸಿ ನೋಡಿತು. ಮೈಲೇಜಿನಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ, ಕುಗ್ಗಿದ್ದು ಪಿಕಪ್.

ಮಳೆಗಾಲಕ್ಕೆ ಇನ್ನೊಂದು ಮಾತಿದೆ. ಕಂಪನಿ ಗಾಳಿಬಾಯಿಯನ್ನು ಎತ್ತರದಲ್ಲಿ ಇಟ್ಟಿರುತ್ತದೆ. ತಣ್ಣನೆ ಗಾಳಿ ಸಿಗಲೆಂದು ಕೆಲವರು ಕೋನ್ ಫಿಲ್ಟರನ್ನು ಬಂಪರಿನ ಹಿಂದೆ, ಚಕ್ರದ ಬಳಿ ಇಳಿಸುತ್ತಾರೆ. ತೋಡು ಉಕ್ಕಿ ರಸ್ತೆ ಮುಳುಗಿದಾಗ ಮೊದಲು ನೀರು ಸಿಗುವುದು ಅಲ್ಲಿಗೇ. ಗಾಳಿಯನ್ನು ಹತ್ತನೇ ಒಂದು ಭಾಗಕ್ಕೆ ಒತ್ತಬಹುದು, ನೀರನ್ನು ಒತ್ತಲಾಗದು. ಸಿಲಿಂಡರಿನಲ್ಲಿ ನೀರಿದ್ದು ಪಿಸ್ಟನ್ ಮೇಲೇರಿದರೆ ಕನೆಕ್ಟಿಂಗ್ ರಾಡ್ ಬಾಗುತ್ತದೆ. ನೀರಿನ ನಡುವೆ ಎಂಜಿನ್ ನಿಂತರೆ ದಯವಿಟ್ಟು ಸೆಲ್ಫ್ ಹೊಡೆಯಬೇಡಿ. ಗಾಡಿಯನ್ನು ತಳ್ಳಿ ದಡ ಸೇರಿಸಿ, ಮೆಕ್ಯಾನಿಕ್ ಬಂದು ಫಿಲ್ಟರ್ ಬಿಚ್ಚಿ ನೋಡಲಿ, ಸ್ಪಾರ್ಕ್ ಪ್ಲಗ್ ಕಳಚಿ ನೀರು ಹೊರಹಾಕಲಿ. ಚಾವಿ ತಿರುಗಿಸುವುದು ಆಮೇಲೆ.