ಕಾಳೀ ಕೊಳ್ಳದಲ್ಲಿ ಸೈಕಲ್ ಪ್ರವಾಸ

ಮುಂಬಯಿಯಲ್ಲಿ ಬೆಳೆಯುವ ವಿದ್ಯಾರ್ಥಿಗೆ ಸೈಕಲ್ಲೆಂದರೆ ವಠಾರದ ಅಂಗಳದಲ್ಲಿ ಸುತ್ತು ಹಾಕುವ ಸಾಧನ; ಹೆಚ್ಚೆಂದರೆ ಭಾನುವಾರ ಬೆಳಿಗ್ಗೆ ಬಸ್ಸುಗಳ ಸಂಚಾರ ವಿರಳವಾಗಿರುವಾಗ ಸಮುದ್ರತೀರದವರೆಗೆ ಹೋಗಿಬರುವ ವಾಹನ. ಅದು ದೇಶ ನೋಡುವುದಕ್ಕೆ ಹೇಳಿ ಮಾಡಿಸಿದ ವಾಹನವೆಂಬುದನ್ನು ನಮ್ಮಲ್ಲಿ ಅನೇಕರು ಗಮನಿಸಿಲ್ಲ. ಕಾಲ್ನಡಿಗೆಯವನು ದಿನಕ್ಕೆ ಇಪ್ಪತ್ತೈದು ಕಿಲೋಮೀಟರ್ ನಡೆದರೆ ಬಹಳವಾಯಿತು. ಮೋಟಾರಿನಲ್ಲಿ ಕುಳಿತವನಿಗೆ ಗಾಜಿನಾಚೆಯ ನೋಟ ದೊರೆಯುತ್ತದೆಯೇ ಹೊರತು ಕಾಡಿನ ನಾದವಾಗಲಿ ಗಂಧವಾಗಲಿ ದೊರೆಯುವುದಿಲ್ಲ. ಸೈಕಲ್ ಸವಾರನಾದರೋ ಐವತ್ತು ಅರವತ್ತು ಕಿಲೋಮೀಟರ್ ಕ್ರಮಿಸಿಯೂ ದಾರಿಯ ಹಕ್ಕಿಯ ದನಿಯನ್ನು ಕೇಳಬಲ್ಲನು. ಅಂಥ ಪ್ರವಾಸಕ್ಕೆ ಯೋಗ್ಯವಾದ ಒಂದು ದಾರಿಯನ್ನು ಇಲ್ಲಿ ವಿವರಿಸಬಯಸುತ್ತೇನೆ. ಅದು ಉತ್ತರ ಕನ್ನಡದ ಕಾಳೀನದಿಯ ಕೊಳ್ಳದ ದಾರಿ. 1956ರಲ್ಲಿ ರಾಜ್ಯಗಳ ಪುನರ್ವಿಂಗಡಣೆಯಾಗುವವರೆಗೆ ಆ ಜಿಲ್ಲೆಯು ಮುಂಬಯಿ ರಾಜ್ಯಕ್ಕೇ ಸೇರಿದ್ದಿತು. ಈ ನಗರದ ಅನೇಕ ಕನ್ನಡ ಮನೆತನಗಳ ಬೇರು ಇಂದಿಗೂ ಅಲ್ಲಿದೆ.

ಮೊದಲು ನದಿಯ ಸ್ವಭಾವವನ್ನು ತಿಳಿಯಬೇಕು. ಕಾಳೀನದಿಯು ಜೋಯಿಡಾ ತಾಲೂಕಿನ ಡಿಗ್ಗಿ ಎಂಬ ಹಳ್ಳಿಯ ಬಳಿ, ಸಹ್ಯಾದ್ರಿಯ ನೆತ್ತಿಯಲ್ಲಿ ಹುಟ್ಟುತ್ತದೆ. ಅಲ್ಲಿಂದ ಸಮುದ್ರವು ಪಶ್ಚಿಮಕ್ಕೆ ಬಹಳ ದೂರವೇನಿಲ್ಲ. ಆದರೂ ಈ ಹೊಳೆ ಸಮುದ್ರಕ್ಕೆ ಬೆನ್ನು ತಿರುಗಿಸಿ ಮೊದಲು ಪೂರ್ವಕ್ಕೆ ಹರಿಯುತ್ತದೆ. ದಾಂಡೇಲಿಯನ್ನು ಮುಟ್ಟಿದ ಮೇಲೆ ದಕ್ಷಿಣಕ್ಕೆ ಬಾಗಿ, ಆಳವಾದ ಕಮರಿಗಳಲ್ಲಿ ಇಳಿದು, ಕೊನೆಗೆ ಪಶ್ಚಿಮಕ್ಕೆ ತಿರುಗಿ ಕಾರವಾರದ ಬಳಿ ಅರಬ್ಬೀ ಸಮುದ್ರವನ್ನು ಸೇರುತ್ತದೆ. ಒಟ್ಟು ಉದ್ದ 184 ಕಿಲೋಮೀಟರ್. ಹೀಗಾಗಿ ಹೊಳೆಯನ್ನು ಬಿಲ್ಲೆಂದುಕೊಂಡರೆ ನಮ್ಮ ರಸ್ತೆ ಅದರ ಹೆದೆ. ಪ್ರವಾಸಿಯು ಕೆಲವು ದೂರ ಹೊಳೆಗೆ ಎದುರಾಗಿ ಸಾಗಿ, ಆಮೇಲೆ ಅದನ್ನು ಬಿಟ್ಟು ಬೆಟ್ಟದ ಬೆನ್ನನ್ನು ದಾಟಿ, ಘಟ್ಟದ ಬುಡದಲ್ಲಿ ಅದನ್ನೇ ಮರಳಿ ಕಾಣುತ್ತಾನೆ. ನಕ್ಷೆಯನ್ನು ಸರಿಯಾಗಿ ನೋಡದವರು “ನದಿಯ ಜೊತೆಗೇ ಇಳಿಯುವುದಲ್ಲವೇ, ಶ್ರಮವೇನು?” ಎಂದುಕೊಂಡು ಹೊರಟು ಮೊದಲ ಏರಿನಲ್ಲಿಯೇ ಏದುಸಿರು ಬಿಡುತ್ತಾರೆ.

ರೈಲಿನಲ್ಲಿ ಧಾರವಾಡಕ್ಕೆ ಹೋಗಿ ಅಲ್ಲಿಂದ ಹೊರಡುವುದು ಅನುಕೂಲ. ಹಳಿಯಾಳದ ಮಾರ್ಗವಾಗಿ ದಾಂಡೇಲಿಗೆ ಸುಮಾರು 55 ಕಿಲೋಮೀಟರ್. ಎರೆಭೂಮಿ ಮುಗಿದು ಕೆಮ್ಮಣ್ಣು ತೋರುತ್ತದೆ. ಹಳಿಯಾಳ ದಾಟಿದ ಮೇಲೆ ತೇಗದ ಮರಗಳು ದಟ್ಟವಾಗುತ್ತವೆ. ಮೊದಲ ದಿನಕ್ಕೆ ಇಷ್ಟು ಸಾಕು. ದಾಂಡೇಲಿಯು ಸಮುದ್ರಮಟ್ಟಕ್ಕಿಂತ ಸುಮಾರು 470 ಮೀಟರ್ ಎತ್ತರದಲ್ಲಿದೆ. ಕಾಗದದ ಕಾರ್ಖಾನೆಯಿಂದ ಹೆಸರಾದ ಊರು. ಅಲ್ಲಿ ಹೊಳೆಯ ನೀರು ಶಾಂತವಾಗಿ ಕಾಣುವುದರಿಂದ ದಣಿದವನಿಗೆ ಇಳಿದು ಮೀಯುವ ಆಸೆಯಾಗುವುದು ಸಹಜ. ಆದರೆ ಆ ನೀರಿನಲ್ಲಿ ಮೊಸಳೆಗಳಿವೆ. ಇನ್ನೂ ಮೇಲೆ, ಅಣೆಕಟ್ಟಿನ ಕೆಳಗೆ, ಬೇರೊಂದು ಅಪಾಯ: ವಿದ್ಯುತ್ತಿಗಾಗಿ ನೀರನ್ನು ಬಿಟ್ಟೊಡನೆ, ಬಿರುಬಿಸಿಲಿನ ದಿನವೂ ಹೊಳೆ ಥಟ್ಟನೆ ಏರುತ್ತದೆ. ಸ್ನಾನವನ್ನು ಬಿಡಾರದಲ್ಲಿಯೇ ಮಾಡಬೇಕು.

ದಾಂಡೇಲಿಯಿಂದ ಕಾರವಾರಕ್ಕೆ ಸುಮಾರು 110 ಕಿಲೋಮೀಟರ್. ಇದನ್ನು ಒಂದೇ ದಿನದಲ್ಲಿ ಮುಗಿಸಿದೆನೆಂದು ಹೆಮ್ಮೆಪಡುವವರಿದ್ದಾರೆ. ಅವರು ಏನನ್ನು ಕಂಡರೋ ನಾನರಿಯೆ. ಎರಡು ದಿನ ಮಾಡಿಕೊಂಡು ಜೋಯಿಡಾದಲ್ಲಿಯೋ ಕುಂಬಾರವಾಡದ ಸುತ್ತಿನಲ್ಲಿಯೋ ತಂಗುವುದು ಲೇಸು. ಅಲ್ಲಿಯವರೆಗೆ ಎರಡು ದಾರಿಗಳುಂಟು. ಒಂದು ಗಣೇಶಗುಡಿಯ ಮೇಲೆ ಹೋಗುತ್ತದೆ. ಇಲ್ಲಿ ಹೊಳೆಗೆ ಅಡ್ಡಲಾಗಿ 101 ಮೀಟರ್ ಎತ್ತರದ ಸೂಪಾ ಅಣೆಕಟ್ಟು ನಿಂತಿದೆ. ಅದು 1987ರಲ್ಲಿ ಮುಗಿಯಿತು. ಕಾಳೀ ಮತ್ತು ಪಾಂಢರಿ ಹೊಳೆಗಳ ಸಂಗಮದಲ್ಲಿದ್ದ ಸೂಪಾ ಎಂಬ ಊರು, ಒಂದು ಕಾಲಕ್ಕೆ ತಾಲೂಕಿಗೇ ತನ್ನ ಹೆಸರನ್ನು ಕೊಟ್ಟಿದ್ದ ಊರು, ಆ ಜಲಾಶಯದ ತಳದಲ್ಲಿದೆ. ಮನೆ ಗದ್ದೆಗಳನ್ನು ಬಿಟ್ಟುಬಂದವರಲ್ಲಿ ಅನೇಕರು ರಾಮನಗರದಲ್ಲಿ ನೆಲೆಸಿದರು. ಸೂಪಾದಲ್ಲಿ ಯಂತ್ರ ತಿರುಗಿಸಿದ ನೀರೇ ಮುಂದೆ ನಾಗಝರಿ, ಕೊಡಸಳ್ಳಿ, ಕದ್ರಾಗಳಲ್ಲಿಯೂ ವಿದ್ಯುತ್ತನ್ನು ಉತ್ಪಾದಿಸುತ್ತದೆ. ನಾವು ಸ್ವಿಚ್ಚು ಒತ್ತುವಾಗ ಯಾರ ಊರು ಮುಳುಗಿತೆಂದು ನೆನೆಯುವುದಿಲ್ಲ. ಈ ದಾರಿಯಲ್ಲಿ ಹೋಗುವವನು ಮಾತ್ರ ನೆನೆಯದೆ ಇರಲಾರ.

ಇನ್ನೊಂದು ದಾರಿ ಗುಂದದ ಮೇಲೆ ಉಳವಿಗೆ ಹೋಗಿ ಕುಂಬಾರವಾಡದತ್ತ ತಿರುಗುತ್ತದೆ. ಏರಿಳಿತ ಹೆಚ್ಚು, ನೆರಳೂ ಹೆಚ್ಚು. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಕ್ರಾಂತಿಯ ತರುವಾಯ ಶರಣರು ಈ ಕಾಡಿಗೆ ಬಂದರು. ಬಸವಣ್ಣನವರ ಸೋದರಳಿಯ ಚೆನ್ನಬಸವಣ್ಣನವರ ಸಮಾಧಿ ಉಳವಿಯಲ್ಲಿದೆ. ಮಾಘದ ಜಾತ್ರೆಗೆ ಧಾರವಾಡ, ಬೆಳಗಾವಿ ಸೀಮೆಯ ಭಕ್ತರು ಇಂದಿಗೂ ಎತ್ತಿನ ಚಕ್ಕಡಿ ಕಟ್ಟಿಕೊಂಡು ದಿನಗಟ್ಟಲೆ ಪ್ರಯಾಣ ಮಾಡಿ ಬರುತ್ತಾರೆ. ಸೈಕಲ್ಲಿನ ಪ್ರವಾಸವೇ ಸಾಹಸವೆಂದುಕೊಳ್ಳುವವರು ಆ ಚಕ್ಕಡಿಗಳ ಸಾಲನ್ನು ಒಮ್ಮೆ ನೋಡಬೇಕು.

ಇನ್ನು ಕಾಡಿನ ಮಾತು. ದಾಂಡೇಲಿಯ ಅಭಯಾರಣ್ಯವು ಸ್ಥಾಪನೆಯಾದುದು 1956ರಲ್ಲಿ. ಅಣಶಿಯ ರಾಷ್ಟ್ರೀಯ ಉದ್ಯಾನವು 1987ರಲ್ಲಿ. ಇವೆರಡೂ ಕೂಡಿ 2007ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾದುವು. 2015ರಲ್ಲಿ ಅದಕ್ಕೆ ನದಿಯ ಹೆಸರನ್ನೇ ಇಟ್ಟರು. ಹುಲಿ, ಚಿರತೆ, ಕರಿಚಿರತೆ, ಕರಡಿ, ಕಾಡುಕೋಣ, ಆನೆ ಇವೆಲ್ಲ ಇಲ್ಲಿವೆ. ಸೈಕಲ್ ಸವಾರನು ವಿಶೇಷವಾಗಿ ತಿಳಿಯಬೇಕಾದ ಸಂಗತಿಯೆಂದರೆ, ಅವನ ವಾಹನಕ್ಕೆ ಸದ್ದಿಲ್ಲ. ಮೋಟಾರು ಬರುವುದನ್ನು ಪ್ರಾಣಿಯು ದೂರದಿಂದಲೇ ಕೇಳಿ ಸರಿಯುತ್ತದೆ. ಸೈಕಲ್ಲು ತಿರುವಿನಲ್ಲಿ ಹಠಾತ್ತನೆ ಅದರ ಮುಂದೆ ಬಂದು ನಿಲ್ಲುತ್ತದೆ. ಕಾಡುಕೋಣವಾಗಲಿ ಕರಡಿಯಾಗಲಿ ಮನುಷ್ಯನನ್ನು ಹುಡುಕಿಕೊಂಡು ಬರುವುದಿಲ್ಲ, ಬೆಚ್ಚಿಬಿದ್ದಾಗ ಮೇಲೆ ಬೀಳುತ್ತದೆ. ಆದುದರಿಂದ ಕಾಣದ ತಿರುವುಗಳಲ್ಲಿ ಗಂಟೆ ಬಾರಿಸಬೇಕು, ಜೊತೆಗಾರರು ಸಾಧಾರಣ ಧ್ವನಿಯಲ್ಲಿ ಮಾತಾಡುತ್ತಿರಬೇಕು. ಪ್ರಾಣಿಯು ರಸ್ತೆಯಲ್ಲಿದ್ದರೆ ದೂರದಲ್ಲಿಯೇ ಇಳಿದು, ಸೈಕಲ್ಲನ್ನು ನಮಗೂ ಅದಕ್ಕೂ ನಡುವೆ ಇಟ್ಟುಕೊಂಡು, ಅದು ತಾನಾಗಿ ಹೋಗುವವರೆಗೆ ಕಾಯಬೇಕು. ಅರ್ಧ ಗಂಟೆ ಕಾಯಬೇಕಾದರೂ ನಷ್ಟವಿಲ್ಲ.

ವೇಳೆಯ ನಿಯಮವೂ ಅಷ್ಟೇ ಮುಖ್ಯ. ಮುಂಜಾವದ ಮತ್ತು ಮುಸ್ಸಂಜೆಯ ಹೊತ್ತು ಪ್ರಾಣಿಗಳು ಮೇವಿಗೂ ನೀರಿಗೂ ರಸ್ತೆ ದಾಟುತ್ತವೆ. ಇರುಳಿನಲ್ಲಿ ಹಗಲಿನ ಕಾವು ಉಳಿದಿರುವ ಡಾಂಬರಿನ ಮೇಲೆ ಹಾವುಗಳು ಬಂದು ಮಲಗುವುದುಂಟು. ಚಕ್ರಕ್ಕೆ ಸಿಕ್ಕಿ ಸತ್ತ ಹಾವು ಕಪ್ಪೆಗಳನ್ನು ಬೆಳಿಗ್ಗೆ ಕಂಡವನಿಗೆ ಆ ರಸ್ತೆ ರಾತ್ರಿಯಲ್ಲಿ ಯಾರದೆಂಬುದು ಬೇರೆ ಹೇಳಬೇಕಾಗಿಲ್ಲ. ಬಿಸಿಲು ಚೆನ್ನಾಗಿ ಏರಿದ ಮೇಲೆ ಹೊರಟು, ಮಧ್ಯಾಹ್ನ ನಾಲ್ಕರೊಳಗೆ ತಂಗುವ ಸ್ಥಳವನ್ನು ಸೇರಬೇಕು. ಸಾರ್ವಜನಿಕ ರಸ್ತೆಯನ್ನು ಬಿಟ್ಟು ಕಾಡಿನ ಜಾಡುಗಳಿಗೆ ಅರಣ್ಯ ಇಲಾಖೆಯ ಅಪ್ಪಣೆಯಿಲ್ಲದೆ ಇಳಿಯಬಾರದು. ಹಿರಿಯರೊಬ್ಬರು ಜೊತೆಗಿರಲೇಬೇಕು.

ಸದ್ದಿಲ್ಲದ ವಾಹನಕ್ಕೆ ಲಾಭವೂ ಉಂಟು. ಈ ಕೊಳ್ಳದಲ್ಲಿ ನಾಲ್ಕು ಜಾತಿಯ ಮಂಗಟ್ಟೆ ಹಕ್ಕಿಗಳಿವೆ. ಅವುಗಳಲ್ಲಿ ಅತಿ ದೊಡ್ಡದು ತಲೆಯ ಮೇಲೆ ಹಾರಿದಾಗ ರೆಕ್ಕೆಯ ಸದ್ದು ಹಳೆಯ ಉಗಿಬಂಡಿ ಉಸಿರುಬಿಟ್ಟಂತೆ ಕೇಳಿಸುತ್ತದೆ. ಗೂಡಿನ ಕಾಲದಲ್ಲಿ ಹೆಣ್ಣು ಮರದ ಪೊಟರೆಯನ್ನು ಹೊಕ್ಕು ಬಾಯಿಯನ್ನು ಮುಚ್ಚಿಕೊಂಡು, ಕೊಕ್ಕು ತೂರುವಷ್ಟು ಸೀಳನ್ನು ಮಾತ್ರ ಉಳಿಸಿಕೊಳ್ಳುತ್ತದೆ. ವಾರಗಟ್ಟಲೆ ಗಂಡು ಆಲ, ಅತ್ತಿಗಳಂಥ ಹಣ್ಣುಗಳನ್ನು ತಂದು ಆ ಸೀಳಿನಿಂದಲೇ ಉಣಿಸುತ್ತದೆ. ದಾರಿಯುದ್ದಕ್ಕೂ ಬೀಜ ಬಿದ್ದು ಕಾಡು ಹಬ್ಬುತ್ತದೆ. ಗೂಡಿನ ಕೆಳಗೆ ಜನ ಗುಂಪುಗೂಡಿ ನಿಂತರೆ ಗಂಡು ಹತ್ತಿರ ಬರಲು ಅಂಜುತ್ತದೆ. ಒಳಗಿನ ತಾಯಿಮರಿಗಳು ಹಸಿದಿರಬೇಕಾಗುತ್ತದೆ. ಕಂಡೊಡನೆ ಮುಂದೆ ಸಾಗುವುದೇ ಸೌಜನ್ಯ.

ಅಣಶಿ ದಾಟಿದ ಮೇಲೆ ಘಟ್ಟದ ಇಳಿತ. ಉದ್ದವಾದ ಇಳಿತದಲ್ಲಿ ಬ್ರೇಕನ್ನು ಒಂದೇ ಸಮನೆ ಹಿಡಿದಿರಬಾರದು. ರಬ್ಬರಿನ ಗುಟುಕುಗಳು ರಿಮ್ಮಿಗೆ ಉಜ್ಜಿ ಕಾವೇರುತ್ತವೆ. ಆ ಕಾವು ಒಳಗಿನ ಟ್ಯೂಬನ್ನೇ ಸಿಡಿಸಬಲ್ಲುದು. ಹಿಡಿದು ಬಿಟ್ಟು, ಹಿಡಿದು ಬಿಟ್ಟು ಇಳಿಯಬೇಕು. ನಡುನಡುವೆ ನಿಂತು ರಿಮ್ಮನ್ನು ಆರಿಸಬೇಕು. ಸಾಮಾನನ್ನು ಬೆನ್ನಿಗೆ ಹೇರಿಕೊಳ್ಳದೆ, ಹಿಂಚಕ್ರದ ಎರಡು ಪಕ್ಕಕ್ಕೂ ಸಮತೂಕವಾಗಿ, ಆದಷ್ಟು ಕೆಳಗೆ ಕಟ್ಟಿದರೆ ತಿರುವುಗಳಲ್ಲಿ ಸೈಕಲ್ಲು ತೂರಾಡುವುದಿಲ್ಲ. ಪಂಕ್ಚರಿನ ಸಾಹಿತ್ಯ, ಗಾಳಿಪಂಪು, ಒಂದು ಹೆಚ್ಚಿನ ಟ್ಯೂಬು, ಮೂರು ಲೀಟರ್ ನೀರು ಇರಲೇಬೇಕು. ಕಾಡಿನ ನಡುವೆ ಅಂಗಡಿಗಳಿಲ್ಲ. ಮಳೆಗಾಲದಲ್ಲಿ ಈ ಘಟ್ಟದಲ್ಲಿ ಮಣ್ಣು ಕುಸಿಯುವುದುಂಟು, ಇಂಬಳಗಳ ಕಾಟ ಬೇರೆ. ನವೆಂಬರಿನಿಂದ ಫೆಬ್ರುವರಿಯವರೆಗಿನ ಕಾಲವೇ ಹಿತ.

ಕದ್ರಾದಲ್ಲಿ ಹೊಳೆ ಮತ್ತೆ ಕಾಣಿಸುತ್ತದೆ. ಅಗಲವಾಗಿ, ನಿಧಾನವಾಗಿ, ತೆಂಗಿನ ತೋಟಗಳ ನಡುವೆ ಹರಿಯುವ ಇದೇ ಆ ಕಮರಿಯ ಹೊಳೆಯೆಂದು ನಂಬುವುದು ಕಷ್ಟ. ತರುಣ ರವೀಂದ್ರನಾಥ ಠಾಕೂರರು ಕಾರವಾರದಲ್ಲಿ ನ್ಯಾಯಾಧೀಶರಾಗಿದ್ದ ಅಣ್ಣ ಸತ್ಯೇಂದ್ರನಾಥರ ಮನೆಯಲ್ಲಿದ್ದಾಗ ಇದೇ ನೀರಿನಲ್ಲಿ ದೋಣಿಯಲ್ಲಿ ವಿಹರಿಸಿದ್ದರು. ಸದಾಶಿವಗಡದ ಬಳಿ, ಹೊಳೆಯ ಮುಖದಲ್ಲಿದ್ದ ಹಳೆಯ ಹೆದ್ದಾರಿ ಸೇತುವೆಯು 2024ರ ಆಗಸ್ಟ್ 7ರ ನಡುರಾತ್ರಿ ಕುಸಿದುಬಿದ್ದಿತು. ಅದರ ಪಕ್ಕದ ಹೊಸ ಸೇತುವೆ ಉಳಿದಿದೆ.

ಕಾರವಾರದ ರೈಲುನಿಲ್ದಾಣ ಊರೊಳಗಿಲ್ಲ, ಶಿರವಾಡದಲ್ಲಿದೆ. 1998ರಿಂದ ಪೂರ್ಣವಾಗಿ ತೆರೆದಿರುವ ಕೊಂಕಣ ರೈಲ್ವೆಯಲ್ಲಿ ಅಲ್ಲಿಂದ ಮುಂಬಯಿಗೆ ಮರಳಬಹುದು. ಸೈಕಲ್ಲನ್ನು ಸಾಮಾನಿನ ಡಬ್ಬಿಗೆ ಬುಕ್ಕು ಮಾಡಿಸಬೇಕಾಗುವುದರಿಂದ ಗಾಡಿಯ ವೇಳೆಗಿಂತ ಎರಡು ಗಂಟೆ ಮೊದಲೇ ಹೋಗಿ, ಹೆಸರು ವಿಳಾಸ ಬರೆದ ಚೀಟಿಯನ್ನು ಚೌಕಟ್ಟಿಗೆ ಭದ್ರವಾಗಿ ಕಟ್ಟಿ, ಪೆಡಲುಗಳನ್ನು ಬಿಚ್ಚಿ ಚೀಲದಲ್ಲಿಟ್ಟುಕೊಳ್ಳಬೇಕು.